ಸೆಸ್ನಾ 172ರಲ್ಲಿ ಆರ್‌ಪಿಎಂ ಕಡಿಮೆ ತೋರಿಸುತ್ತಿದೆ: ಸೋತಿದ್ದು ಎಂಜಿನ್ನೋ, ಮುಳ್ಳೋ?

ಕೇಳಿದ್ದು:
ಟೆಕ್ಸಸ್‌ನಲ್ಲಿ ನಾವು ಮೂವರು ಸೇರಿ ಒಂದು ಹಳೇ ಸೆಸ್ನಾ 172ಎನ್ ವಿಮಾನ ಇಟ್ಟುಕೊಂಡಿದ್ದೇವೆ. ಲೈಕಮಿಂಗ್ ಓ-320 ಎಂಜಿನ್, ಪಿಚ್ (ಅಲಗಿನ ಓರೆ) ಬದಲಾಗದ ಎರಡು ಅಲಗಿನ ಪ್ರೊಪೆಲ್ಲರ್. ಬ್ರೇಕ್ ಹಿಡಿದು ಪೂರ್ತಿ ಥ್ರಾಟಲ್ ಕೊಟ್ಟರೆ ಮೊದಲು 2300 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ದಾಟುತ್ತಿದ್ದ ಮೀಟರಿನ ಮುಳ್ಳು ಈಗ 2150ಕ್ಕೇ ನಿಂತುಬಿಡುತ್ತದೆ. ಐಡಲ್‌ನಲ್ಲಿ, ಅಂದರೆ ಥ್ರಾಟಲ್ ಇಳಿಸಿ ಎಂಜಿನ್ ಸುಮ್ಮನೆ ಓಡುವಾಗ, ಮುಳ್ಳು ಸ್ವಲ್ಪ ನಡುಗುತ್ತದೆ. ಆದರೆ ಓಟ, ಏರಿಕೆ ಎಲ್ಲ ಮೊದಲಿನ ಹಾಗೇ ಇದೆ. ಪಾಲುದಾರರೊಬ್ಬರು ಸಿಲಿಂಡರ್ ಬಿಚ್ಚಿಸೋಣ ಅನ್ನುತ್ತಿದ್ದಾರೆ. ನಿಮ್ಮಲ್ಲಿ ಯಾರಿಗಾದರೂ ಹೀಗಾಗಿತ್ತಾ?

ಉತ್ತರ 1:
ಸದ್ಯಕ್ಕೆ ಸ್ಪ್ಯಾನರ್ ಕೆಳಗಿಡಿ. ಪಿಚ್ ಬದಲಾಗದ ಪ್ರೊಪೆಲ್ಲರ್ ಇರುವಾಗ ಎಂಜಿನ್ ನಿಜಕ್ಕೂ ಸೋತರೆ ಟೇಕಾಫ್ ಓಟ ಉದ್ದವಾಗಲೇಬೇಕು. ಮುಳ್ಳು ಮಾತ್ರ ಇಳಿದು ವಿಮಾನ ಹಾಗೇ ಓಡುತ್ತಿದೆ ಅಂದರೆ ಸುಳ್ಳು ಹೇಳುತ್ತಿರುವುದು ಮುಳ್ಳೇ ಇರಬೇಕು, ಅಲ್ವಾ?

ನಾನು ಇಪ್ಪತ್ತು ವರ್ಷ ಹ್ಯಾಂಗರಿನಲ್ಲಿ ಕೆಲಸ ಮಾಡಿದವನು. ಹಳೇ ಸೆಸ್ನಾಗಳಲ್ಲಿ ಎಂಜಿನ್ ಹಿಂಬದಿಯಿಂದ ಒಂದು ತಿರುಗುವ ಕೇಬಲ್ ಬಂದು ಟ್ಯಾಕೋಮೀಟರ್ (ಆರ್‌ಪಿಎಂ ಮೀಟರ್) ಸೇರುತ್ತದೆ. ಒಳಗೆ ಅದು ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಆ ಅಯಸ್ಕಾಂತ ಒಂದು ಲೋಹದ ಬಟ್ಟಲನ್ನು ಮುಟ್ಟದೆಯೇ ಎಳೆಯುತ್ತದೆ, ಬಟ್ಟಲನ್ನು ಒಂದು ಸಣ್ಣ ಸ್ಪ್ರಿಂಗ್ ಹಿಂದಕ್ಕೆ ಹಿಡಿದಿರುತ್ತದೆ. ಹಳೇ ಸ್ಕೂಟರಿನ ಸ್ಪೀಡೋಮೀಟರ್ ಬಿಚ್ಚಿ ನೋಡಿದ್ದರೆ ಇದೂ ಗೊತ್ತಿರುತ್ತದೆ. ವಯಸ್ಸಾದಂತೆ ಅಯಸ್ಕಾಂತದ ಬಲ ಕುಗ್ಗುತ್ತದೆ, ಮುಳ್ಳು ಕಡಿಮೆ ತೋರಿಸಲು ಶುರು ಮಾಡುತ್ತದೆ.

ಬಹಳ ಜನ ಸುಮ್ನೆ ಕೇಬಲ್ ಮೇಲೆ ತಪ್ಪು ಹೊರಿಸುತ್ತಾರೆ. ಕೇಬಲ್ ಒಣಗಿದರೆ ಅಥವಾ ಎಲ್ಲೋ ಜಾಸ್ತಿ ಬಾಗಿದ್ದರೆ ಮುಳ್ಳು ಕುಣಿಯುತ್ತದೆ. ತುಂಡಾದರೆ ಸೊನ್ನೆಗೆ ಬೀಳುತ್ತದೆ. ಆದರೆ ಒಂದೇ ಸಮನೆ 150 ಕಡಿಮೆ ತೋರಿಸುವ ಕೆಲಸ ಕೇಬಲ್‌ನಿಂದ ಆಗುವುದಿಲ್ಲ. ಆ ತುದಿ ಒಂದು ಸುತ್ತು ತಿರುಗಿದರೆ ಈ ತುದಿಯೂ ಒಂದು ಸುತ್ತು, ಅಷ್ಟೇ. ಅಂದರೆ ನಿಮ್ಮಲ್ಲಿ ಎರಡು ಬೇರೆ ಬೇರೆ ರೋಗ: ನಡುಕ ಕೇಬಲ್‌ದು, ಕೊರತೆ ಮೀಟರ್‌ದು.

ಇನ್ನೊಂದು ಮಾತು. ಅದೇ ಮೀಟರಿನೊಳಗಿನ ಗಂಟೆ ಲೆಕ್ಕದ ಅಂಕಿಗಳು ಹಲ್ಲುಚಕ್ರದಿಂದ ತಿರುಗುತ್ತವೆ, ಅಯಸ್ಕಾಂತಕ್ಕೂ ಅವಕ್ಕೂ ಸಂಬಂಧವಿಲ್ಲ. ಮುಳ್ಳು ಸತ್ತು ಗಂಟೆ ಓಡುತ್ತಿದ್ದರೆ ಕೇಬಲ್ ತುಂಡಾಗಿಲ್ಲ ಅಂತಲೇ ಅರ್ಥ.

ಉತ್ತರ 2:
ಮೊದಲು ಬೇರೆ ಉಪಕರಣದಲ್ಲಿ ಅಳೆಯಿರಿ. ಬೆಳಕಿನ ಮಿನುಗು ಎಣಿಸುವ, ಕೈಯಲ್ಲಿ ಹಿಡಿಯುವ ಆಪ್ಟಿಕಲ್ ಟ್ಯಾಕೋಮೀಟರ್ ತಗೊಳ್ಳಿ, ಅಲಗು ಎರಡು ಎಂದು ಸೆಟ್ ಮಾಡಿ, ಕಾಕ್‌ಪಿಟ್ ಒಳಗಿಂದಲೇ ಪ್ರೊಪೆಲ್ಲರ್ ಮೂಲಕ ಆಕಾಶ ನೋಡಿ. ಹೊರಗೆ ನಿಂತು ಹಿಡಿಯುವ ಸಾಹಸ ಖಂಡಿತ ಬೇಡ. ಒಬ್ಬರು ವಿಮಾನ ನೋಡಿಕೊಳ್ಳಲಿ, ಇನ್ನೊಬ್ಬರು ಓದಲಿ.

ಆ ಉಪಕರಣವೇ ಸರಿ ಇದೆಯೇ ಅನ್ನೋದಕ್ಕೆ ಅದೇ ಸೆಟ್ಟಿಂಗ್‌ನಲ್ಲಿ ಹಳೇ ಚೋಕ್ ಇರುವ ಟ್ಯೂಬ್‌ಲೈಟ್‌ಗೆ ಹಿಡಿಯಿರಿ, ಅದು ಕರೆಂಟಿನ ತಾಳಕ್ಕೆ ಮಿನುಗುತ್ತಿರುತ್ತದೆ. ಅಮೆರಿಕದ 60 ಹರ್ಟ್ಸ್ ಕರೆಂಟಿಗೆ 3600 ಬರಬೇಕು, ನಮ್ಮೂರಿನ 50 ಹರ್ಟ್ಸ್‌ಗೆ 3000. ಇದೇ ಕಾರಣಕ್ಕೆ ಟ್ಯೂಬ್‌ಲೈಟ್ ಉರಿಯುವ ಹ್ಯಾಂಗರಿನ ಬಾಗಿಲಲ್ಲಿ ಪ್ರೊಪೆಲ್ಲರ್ ಅಳೆಯಬೇಡಿ. ಎಂಜಿನ್ ಬಿಟ್ಟು ದೀಪವನ್ನು ಎಣಿಸುತ್ತಾ ಕೂರುತ್ತದೆ!

ಉತ್ತರ 3:
ನಮ್ಮ ಮನೆಯಲ್ಲಿ ಹಾಡುವವರಿದ್ದಾರೆ, ಹಾಗಾಗಿ ಫೋನಿನಲ್ಲಿ ಶ್ರುತಿ ನೋಡುವ ಆ್ಯಪ್ ಇದೆ. ನಾಲ್ಕು ಸಿಲಿಂಡರಿನ ಎಂಜಿನ್ ಪ್ರತಿ ಸುತ್ತಿಗೆ ಎರಡು ಸಲ ಸಿಡಿಯುತ್ತದೆ, ಎರಡು ಅಲಗಿನ ಪ್ರೊಪೆಲ್ಲರ್ ಕೂಡ ಸುತ್ತಿಗೆ ಎರಡು ಸಲ ಗಾಳಿ ಬಡಿಯುತ್ತದೆ. ಆ್ಯಪ್ ತೋರಿಸುವ ಹರ್ಟ್ಸ್ ಅನ್ನು 30ರಿಂದ ಗುಣಿಸಿದರೆ ಆರ್‌ಪಿಎಂ ಸಿಗುತ್ತದೆ. 80 ಹರ್ಟ್ಸ್ ಅಂದರೆ 2400. ಕೆಲವು ಸಲ 40 ಅಥವಾ 160 ತೋರಿಸುತ್ತದೆ, ಹೆದರಬೇಡಿ. ಸ್ವರ ಅದೇ, ಸ್ಥಾಯಿ ಬೇರೆ.

ಉತ್ತರ 4:
ನಾನು ಹಾರಿಸುವುದು ರೋಟಾಕ್ಸ್ 912 ಎಂಜಿನ್ ಇರುವ ಮೈಕ್ರೋಲೈಟ್ ಎಂಬ ಪುಟ್ಟ ವಿಮಾನ. ಕೇಬಲ್ ಇಲ್ಲ, ಸುತ್ತಿಗೊಂದು ಪಲ್ಸ್ (ವಿದ್ಯುತ್ ಮಿಡಿತ) ಕೊಡುವ ಪಿಕಪ್ ಕಾಯಿಲ್. ರೇಡಿಯೋ ಒತ್ತಿದಾಗೆಲ್ಲ ಆರ್‌ಪಿಎಂ ಹಾರುತ್ತಿತ್ತು. ಎರಡು ತಿಂಗಳು ತಲೆಕೆಡಿಸಿಕೊಂಡೆ. ಕೊನೆಗೆ ಸಿಕ್ಕಿದ್ದು ತುಕ್ಕು ಹಿಡಿದ ಅರ್ಥಿಂಗ್ ಕನೆಕ್ಟರ್. ಓದುವಿಕೆ ಸರಿಯಾಗಿ ಅರ್ಧ ಅಥವಾ ದುಪ್ಪಟ್ಟು ಬಂದರೆ ಮೀಟರಿನಲ್ಲಿ ಸುತ್ತಿಗೆಷ್ಟು ಪಲ್ಸ್ ಎಂಬ ಸೆಟ್ಟಿಂಗ್ ನೋಡಿ.

ಉತ್ತರ 5:
ಈ ಪ್ರಶ್ನೆಗೆ ನೇರ ಸಂಬಂಧವಿಲ್ಲ, ಆದರೂ ಹೇಳಿಬಿಡುತ್ತೇನೆ. ಕೆಲವು ಎಲೆಕ್ಟ್ರಾನಿಕ್ ಮೀಟರ್‌ಗಳು ಮ್ಯಾಗ್ನೆಟೊದ (ಎಂಜಿನ್‌ಗೆ ಕಿಡಿ ಕೊಡುವ ಸಾಧನ) ಪಿ-ಲೀಡ್, ಅಂದರೆ ಅದನ್ನು ಆಫ್ ಮಾಡುವ ತಂತಿಯಿಂದ ಸಿಗ್ನಲ್ ತಗೊಳ್ಳುತ್ತವೆ. ಅಂಥ ಮೀಟರ್ ದಿಢೀರ್ ಸೊನ್ನೆಯಾದರೆ ಆ ತಂತಿಯೇ ಕಡಿದಿರಬಹುದು. ಆಗ ಕೀ ಆಫ್ ಮಾಡಿದರೂ ಮ್ಯಾಗ್ನೆಟೊ ಆಫ್ ಆಗುವುದಿಲ್ಲ. ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಿದರೆ ಎಂಜಿನ್ ಹೊತ್ತಿಕೊಳ್ಳಬಹುದು. ಮೀಟರ್ ಆಮೇಲೆ, ಮೊದಲು ತಂತಿ ನೋಡಿಸಿ.

ಕೇಳಿದವರು ಮತ್ತೆ ಬರೆದದ್ದು:
ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಬೆಳಿಗ್ಗೆ ಅಳೆದೆವು. ಮುಳ್ಳು 2150 ತೋರಿಸುವಾಗ ಆಪ್ಟಿಕಲ್‌ನಲ್ಲಿ 2310. ವಿಡಿಯೋದ ಸದ್ದನ್ನು ಆ್ಯಪ್‌ಗೆ ಕೇಳಿಸಿದರೆ 77 ಹರ್ಟ್ಸ್, ಅಂದರೆ ಅದೂ 2310! ಐಡಲ್‌ನಲ್ಲಿ ವ್ಯತ್ಯಾಸ 50ರಷ್ಟು ಮಾತ್ರ. ಎಂಜಿನ್ ಗಟ್ಟಿಮುಟ್ಟಾಗಿದೆ.

ಖುಷಿಪಡುವಷ್ಟರಲ್ಲಿ ಇನ್ನೊಂದು ಹೊಳೆಯಿತು. ಕ್ರೂಸ್‌ನಲ್ಲಿ (ಒಂದೇ ಎತ್ತರದಲ್ಲಿ ಸಾಗುವಾಗ) 2400 ಅಂದುಕೊಂಡು ಹಾರಿಸಿದ್ದು ನಿಜದಲ್ಲಿ ಸುಮಾರು 2580. ಕೆಂಪು ಗೆರೆ, ಅಂದರೆ ದಾಟಬಾರದ ಮಿತಿ, 2700. ಇಳಿಯುವಾಗ ಮುಳ್ಳು ಗೆರೆಯ ಹತ್ತಿರ ಹೋದ ದಿನಗಳಿದ್ದರೆ ನಾವು ಗೆರೆ ದಾಟಿಯೇ ಇದ್ದೇವೆ. ಮೆಕ್ಯಾನಿಕ್‌ಗೆ ಇದನ್ನು ಮುಚ್ಚಿಡದೆ ಹೇಳಿದೆವು.

ಇಲ್ಲಿ ಮೆಕ್ಯಾನಿಕ್ ಮೀಟರ್ ಬದಲಾಯಿಸಬಹುದು, ಆದರೆ ಒಳಗೆ ಕೈ ಹಾಕಿ ರಿಪೇರಿ ಮಾಡುವ ಹಾಗಿಲ್ಲ. ಅದನ್ನು ಪ್ರಮಾಣಪತ್ರವಿರುವ ಇನ್‌ಸ್ಟ್ರುಮೆಂಟ್ ಶಾಪ್‌ಗೆ ಕಳಿಸಿದ್ದೇವೆ. ಕೇಬಲ್ ಹೊರತೆಗೆದರೆ ಎಲುಬಿನಂತೆ ಒಣಗಿತ್ತು, ಒಂದು ಕಡೆ ಸವೆದೂ ಇತ್ತು. ಹೊಸದು ಹಾಕಿಸುತ್ತಿದ್ದೇವೆ. ಮೀಟರ್ ಬಿಚ್ಚುವ ಮೊದಲು ಗಂಟೆಯ ಅಂಕಿ ಲಾಗ್‌ಬುಕ್‌ನಲ್ಲಿ ಬರೆಸಿಟ್ಟೆವು. ಬೇರೆ ಮೀಟರ್ ಬಂದರೂ ಎಂಜಿನ್ನಿನ ಒಟ್ಟು ಲೆಕ್ಕ ತಪ್ಪಬಾರದಲ್ಲ. ಸಿಲಿಂಡರ್ ಬಿಚ್ಚಿಸೋಣ ಅಂದ ಪಾಲುದಾರರೇ ಈ ವಾರ ಎಲ್ಲರಿಗೂ ತಿಂಡಿ ಕೊಡಿಸುತ್ತಿದ್ದಾರೆ.