ಶೂನ್ಯ ಇಂಗಾಲದ ಕಟ್ಟಡ: ಸ್ನಾತಕೋತ್ತರ ವ್ಯಾಸಂಗದ ಕುರಿತು ಪ್ರಶ್ನೋತ್ತರ

ನಿರ್ವಾಹಕರು: ಬಳಗದ ಎಲ್ಲರಿಗೂ ನಮಸ್ಕಾರ. ಶೂನ್ಯ ಇಂಗಾಲದ ಕಟ್ಟಡ, ಅಂದರೆ ಹೊರಬಿಡುವ ಇಂಗಾಲದ ಡೈಆಕ್ಸೈಡ್ ಒಟ್ಟು ಲೆಕ್ಕದಲ್ಲಿ ಸೊನ್ನೆಯಾಗುವ ಕಟ್ಟಡ, ಅದರ ವಿನ್ಯಾಸ ಮತ್ತು ತಂತ್ರಜ್ಞಾನದಲ್ಲಿ ಎಂ.ಎಸ್ಸಿ. ಮಾಡುವ ಬಗ್ಗೆ ಇಲ್ಲಿ ಪದೇ ಪದೇ ವಿಚಾರಣೆ ನಡೆಯುತ್ತಿದೆ. ಇಂಗ್ಲೆಂಡಿನಲ್ಲಿ ಈ ವಿಷಯವನ್ನೇ ಓದಿ, ಈಗ ಬೆಂಗಳೂರಿನಲ್ಲಿ ಕಟ್ಟಡಗಳ ಶಕ್ತಿ ಸಲಹೆಗಾರರಾಗಿರುವ ನಮ್ಮ ಸದಸ್ಯೆಯೊಬ್ಬರು ಇಂದು ಸಂಜೆ ಉತ್ತರಿಸಲು ಒಪ್ಪಿದ್ದಾರೆ. ದಯವಿಟ್ಟು ವಿಷಯಕ್ಕೆ ಸಂಬಂಧಿಸಿದ್ದನ್ನು ಮಾತ್ರ ಕೇಳಿ.

ದಾವಣಗೆರೆ ವಿದ್ಯಾರ್ಥಿನಿ: ನಮಸ್ಕಾರ ಮೇಡಂ. ನಾನು ಸಿವಿಲ್ ಬಿ.ಇ. ಕೊನೆಯ ವರ್ಷದಲ್ಲಿದ್ದೇನೆ. ಈ ಕೋರ್ಸಿಗೆ ಆರ್ಕಿಟೆಕ್ಚರ್ ಓದಿರಲೇಬೇಕೇ? ಒಳಗೆ ಏನನ್ನು ಕಲಿಸುತ್ತಾರೆ?

ಸಲಹೆಗಾರರು: ನಮಸ್ಕಾರ. ಹೆಚ್ಚಿನ ಕಡೆ ಸಿವಿಲ್, ಮೆಕ್ಯಾನಿಕಲ್ ಮತ್ತು ಆರ್ಕಿಟೆಕ್ಚರ್ ಮೂರನ್ನೂ ಒಪ್ಪುತ್ತಾರೆ. ಗೋಡೆ, ಚಾವಣಿ, ಕಿಟಕಿಗಳ ಮೂಲಕ ಶಾಖ ಹೇಗೆ ಹರಿಯುತ್ತದೆ, ಕಟ್ಟಡಕ್ಕೆ ಎಷ್ಟು ಗಾಳಿ ಮತ್ತು ಬೆಳಕು ಬೇಕು, ಶಾಖವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಹೀಟ್ ಪಂಪ್ ಹೇಗೆ ಕೆಲಸ ಮಾಡುತ್ತದೆ, ಕಟ್ಟಡ ವರ್ಷವಿಡೀ ಹೇಗೆ ವರ್ತಿಸುತ್ತದೆಂದು ಕಂಪ್ಯೂಟರಿನಲ್ಲಿ ಸಿಮ್ಯುಲೇಶನ್ ಹೇಗೆ ಮಾಡುವುದು, ಸಿಮೆಂಟು, ಉಕ್ಕು, ಇಟ್ಟಿಗೆಗಳನ್ನು ತಯಾರಿಸುವಾಗಲೇ ಹೊರಬೀಳುವ ಇಂಗಾಲವನ್ನು ಹೇಗೆ ಲೆಕ್ಕ ಹಾಕುವುದು ಎಂಬುದೇ ಅದರ ತಿರುಳು. ಕೋರ್ಸಿನ ಹೆಸರಿನಲ್ಲಿರುವ ಶೂನ್ಯವನ್ನು ನೋಡಿ ಮರುಳಾಗಬೇಡಿ. ಯಾವುದರ ಶೂನ್ಯ, ಎಲ್ಲಿಂದ ಎಲ್ಲಿಯವರೆಗಿನ ಲೆಕ್ಕ ಎಂದು ಕೇಳುವುದನ್ನು ಕಲಿತರೆ ಶುಲ್ಕ ಸಾರ್ಥಕ.

ಹಾಸನ ಸದಸ್ಯ: ಮೇಡಂ, ನಾನು ಸಿವಿಲ್ ಮುಗಿಸಿ ಸೈಟ್ ಎಂಜಿನಿಯರ್ ಆಗಿದ್ದೇನೆ, ಮದುವೆಯಾಗಿದೆ. ಏಜೆಂಟರೊಬ್ಬರು ಇಂಗ್ಲೆಂಡಿನಲ್ಲಿ ಇದೇ ಹೆಸರಿನ ಕೋರ್ಸಿಗೆ ಸೀಟು ಕೊಡಿಸುತ್ತೇವೆ, ಮುಗಿದ ಮೇಲೆ ಅಲ್ಲಿ ಆರ್ಕಿಟೆಕ್ಟ್ ಎಂದು ನೋಂದಾಯಿಸಿಕೊಳ್ಳಬಹುದು, ಹೆಂಡತಿಯನ್ನೂ ಕರೆದೊಯ್ಯಬಹುದು ಎನ್ನುತ್ತಿದ್ದಾರೆ. ಶುಕ್ರವಾರದೊಳಗೆ ಮುಂಗಡ ಕಟ್ಟಬೇಕಂತೆ. ತಂದೆಯವರು ತೋಟದ ಮೇಲೆ ಸಾಲ ಎತ್ತಲು ಸಿದ್ಧರಾಗಿದ್ದಾರೆ.

ಸಲಹೆಗಾರರು: ಶುಕ್ರವಾರ ಒಂದು ರೂಪಾಯಿಯನ್ನೂ ಕಟ್ಟಬೇಡಿ. ನಿಮಗೆ ಹೇಳಿರುವ ಎರಡು ಮಾತುಗಳೂ ಸುಳ್ಳು. ಆರ್ಕಿಟೆಕ್ಟ್ ಎಂಬ ಹೆಸರಿಗೆ ಅಲ್ಲಿ 1997ರ ಕಾಯ್ದೆಯ ರಕ್ಷಣೆಯಿದೆ, ಅಲ್ಲಿನ ನೋಂದಣಿ ಮಂಡಳಿ ಒಪ್ಪಿದ ಅರ್ಹತೆಗಳಿಲ್ಲದೆ ಅದನ್ನು ಬಳಸುವಂತಿಲ್ಲ. ನಮ್ಮಲ್ಲೂ 1972ರ ಕಾಯ್ದೆಯ ಪ್ರಕಾರ ಹಾಗೆಯೇ. ಇದು ತಾಂತ್ರಿಕ ಎಂ.ಎಸ್ಸಿ., ಇದನ್ನು ಓದಿದವರು ಶಕ್ತಿ ಸಲಹೆಗಾರರೋ ಸುಸ್ಥಿರತೆಯ ಎಂಜಿನಿಯರೋ ಆಗುತ್ತಾರೆ, ಆರ್ಕಿಟೆಕ್ಟ್ ಆಗುವುದಿಲ್ಲ. ಇನ್ನು ಕುಟುಂಬದ ವಿಷಯ. 2024ರ ಜನವರಿಯಿಂದ ಪಾಠಕ್ರಮದ ಸ್ನಾತಕೋತ್ತರ ವಿದ್ಯಾರ್ಥಿಗಳು ಸಂಗಾತಿಯನ್ನು ಅವಲಂಬಿತರೆಂದು ಕರೆದೊಯ್ಯುವಂತಿಲ್ಲ, ಸಂಶೋಧನಾ ಪದವಿಗಳಿಗೆ ಮತ್ತು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಓದುವವರಿಗೆ ಮಾತ್ರ ವಿನಾಯಿತಿ ಇದೆ.

ಸಾಲವನ್ನು ಹೇಗೆ ತೀರಿಸುತ್ತೀರಿ ಎಂಬುದೇ ನನ್ನ ನಿಜವಾದ ಚಿಂತೆ. ಓದು ಮುಗಿದ ಮೇಲೆ ಕೆಲಸ ಹುಡುಕಲು ಸಿಗುತ್ತಿದ್ದ ಎರಡು ವರ್ಷದ ಅವಧಿ, 2027ರ ಜನವರಿಯಿಂದ ಸಲ್ಲಿಸುವ ಅರ್ಜಿಗಳಿಗೆ 18 ತಿಂಗಳಿಗೆ ಇಳಿಯುತ್ತದೆ. ಆಮೇಲೆ ಅಲ್ಲೇ ಉಳಿಯಲು ಕಂಪನಿಯೊಂದು ಪ್ರಾಯೋಜಿಸಬೇಕು. 2025ರ ಜುಲೈಯಲ್ಲಿ ನಿಗದಿಯಾದ ಸಾಮಾನ್ಯ ವೇತನ ಮಿತಿ ವರ್ಷಕ್ಕೆ 41,700 ಪೌಂಡ್. ಹೊಸಬರಿಗೆ ಇದಕ್ಕಿಂತ ಕಡಿಮೆ ಇದೆ, ಆದರೂ ಸಣ್ಣ ಸಲಹಾ ಕಚೇರಿಗಳು ಅಷ್ಟು ಕೊಡಲು ಹಿಂಜರಿಯುತ್ತವೆ. ಊರಿಗೆ ಮರಳಿದರೆ ಇಲ್ಲಿನ ಆರಂಭದ ಸಂಬಳದಲ್ಲಿ ಪೌಂಡಿನ ಲೆಕ್ಕದ ಸಾಲಕ್ಕೆ ಬಡ್ಡಿ ಕಟ್ಟುವುದೇ ಕಷ್ಟ. ನಿಮಗೆ ಎರಡು ವರ್ಷದ ಅನುಭವವಿದ್ದರೆ ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರಿದವರಾದರೆ ಕರ್ನಾಟಕ ಸರ್ಕಾರದ ಪ್ರಬುದ್ಧ ಯೋಜನೆಯನ್ನು ವಿಚಾರಿಸಿ. ಅದು ಯಾವುದೂ ಆಗದಿದ್ದರೆ ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದಲ್ಲಿ ಕಟ್ಟಡಗಳ ಶಕ್ತಿಯ ಕುರಿತೇ ಸ್ನಾತಕೋತ್ತರ ವ್ಯಾಸಂಗವಿದೆ, ಮೊದಲು ಅದನ್ನು ನೋಡಿ. ತೋಟ ತೋಟವಾಗಿಯೇ ಇರಲಿ.

ಮಂಡ್ಯ ಸದಸ್ಯ: ಐಇಎಲ್‌ಟಿಎಸ್ ಎಷ್ಟು ಬೇಕು ಮೇಡಂ?

ಸಲಹೆಗಾರರು: ಆ ಇಂಗ್ಲಿಷ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ 6.5. ನೀವು ಆರಿಸಿದ ವಿಶ್ವವಿದ್ಯಾಲಯದ ಪುಟದಲ್ಲಿ ಖಚಿತಪಡಿಸಿಕೊಳ್ಳಿ.

ಶಿವಮೊಗ್ಗ ಸದಸ್ಯೆ: ನನಗೆ 41 ವರ್ಷ. ಹದಿನೈದು ವರ್ಷದಿಂದ ಡ್ರಾಯಿಂಗ್ ಕಚೇರಿ ನಡೆಸುತ್ತಿದ್ದೇನೆ. ಈ ವಯಸ್ಸಿನಲ್ಲಿ ದೂರಶಿಕ್ಷಣದ ಮೂಲಕ ಇದನ್ನು ಓದಿದರೆ ಅದಕ್ಕೆ ಬೆಲೆ ಇದೆಯೇ?

ತುಮಕೂರು ಸದಸ್ಯ: ಮೇಡಂ, ವಾಟ್ಸ್ಆ್ಯಪಿನಲ್ಲಿ ಬಂದದ್ದನ್ನು ಹಾಕುತ್ತಿದ್ದೇನೆ: "ಸುಣ್ಣಕ್ಕೆ ಬೆಲ್ಲ ಮತ್ತು ಮೊಟ್ಟೆಯ ಬಿಳಿಭಾಗ ಸೇರಿಸಿ ಗಾರೆ ಮಾಡಿದರೆ ಗೋಡೆಯೇ ಗಾಳಿಯಲ್ಲಿನ ಇಂಗಾಲವನ್ನು ಹೀರಿ ಮನೆಯನ್ನು ಶೂನ್ಯ ಇಂಗಾಲ ಮಾಡುತ್ತದೆ. ಚಾವಣಿಯ ಒಳಭಾಗಕ್ಕೆ ಥರ್ಮಾಕೋಲ್ ಹಾಳೆ ಅಂಟಿಸಿದರೆ ಏಸಿಯೇ ಬೇಡ. ವಿದೇಶಿ ವಿಶ್ವವಿದ್ಯಾಲಯಗಳು ಇದನ್ನು ಮುಚ್ಚಿಡುತ್ತಿವೆ." ಹೀಗಿರುವಾಗ ಲಕ್ಷಾಂತರ ಖರ್ಚು ಮಾಡಿ ಓದುವುದೇಕೆ?

ಸಲಹೆಗಾರರು: ಯಾರೂ ಏನನ್ನೂ ಮುಚ್ಚಿಡುತ್ತಿಲ್ಲ, ಇದು ಮೊದಲ ಸೆಮಿಸ್ಟರಿನ ಪಾಠ. ನೂರು ಕಿಲೋ ಶುದ್ಧ ಸುಣ್ಣಕಲ್ಲನ್ನು ಸುಟ್ಟರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಸುಣ್ಣದ ಗಾರೆ ವರ್ಷಗಟ್ಟಲೆ ನಿಧಾನವಾಗಿ ಹೀರಿಕೊಳ್ಳುವುದು ಹೆಚ್ಚೆಂದರೆ ಅಷ್ಟನ್ನೇ. ಗೂಡಿಗೆ ಹಾಕಿದ ಕಲ್ಲಿದ್ದಲಿನ ಹೊಗೆಯನ್ನು ಗೋಡೆ ವಾಪಸು ತರುವುದಿಲ್ಲ, ಬೆಲ್ಲ ಸುರಿದರೂ ತರುವುದಿಲ್ಲ. ಸುಣ್ಣದ ಗಾರೆ ಒಳ್ಳೆಯದೇ, ಅದಕ್ಕೆ ಪವಾಡದ ಹಣೆಪಟ್ಟಿ ಬೇಕಾಗಿಲ್ಲ.

ಥರ್ಮಾಕೋಲ್ ವಿಷಯದಲ್ಲಿ ಮಾತ್ರ ಎಚ್ಚರಿಕೆ. ಅದನ್ನು ಬರಿದಾಗಿ ಚಾವಣಿಯ ಒಳಗೆ ಅಂಟಿಸಬೇಡಿ. ಪಕ್ಕದಲ್ಲೇ ಫ್ಯಾನಿನ ತಂತಿ ಇರುತ್ತದೆ. ಬೆಂಕಿ ತಗುಲಿದರೆ ಅದು ಕರಗಿ ಉರಿಯುತ್ತಾ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ, ದಟ್ಟ ಕಪ್ಪು ಹೊಗೆ ಕೋಣೆ ತುಂಬುತ್ತದೆ. ಶಾಖನಿರೋಧಕವನ್ನು ಸ್ಲ್ಯಾಬಿನ ಮೇಲೆ ಹಾಕಿ, ಜಲನಿರೋಧಕ ಮಾಡಿ, ಕಾಂಕ್ರೀಟಿನ ಹೊದಿಕೆ ಕೊಡುವುದು ಸರಿಯಾದ ಕ್ರಮ. ಈ ಸಂದೇಶವನ್ನು ಬೇರೆ ಬಳಗಗಳಿಗೂ ಕಳುಹಿಸಿದ್ದರೆ ದಯವಿಟ್ಟು ಅಳಿಸಿ.

ಕಲಬುರಗಿ ವಿದ್ಯಾರ್ಥಿ: ನಮಸ್ಕಾರ ಮೇಡಂ. ಅರ್ಜಿಯ ಜೊತೆ ಕಳುಹಿಸಲು ಒಂದು ಸಣ್ಣ ಅಧ್ಯಯನ ಮಾಡುತ್ತಿದ್ದೇನೆ. ಎನರ್ಜಿಪ್ಲಸ್ ಎಂಬ ಸಿಮ್ಯುಲೇಶನ್ ತಂತ್ರಾಂಶ ಬಳಸಿ ನಮ್ಮ ಮನೆಯನ್ನೇ ಮಾದರಿ ಮಾಡಿದೆ: ಒಂದಂತಸ್ತು, ಕಲ್ಲಿನ ಗೋಡೆ, ಆರ್‌ಸಿಸಿ ಸ್ಲ್ಯಾಬ್, ನೆಲಕ್ಕೆ ಶಹಾಬಾದ್ ಕಲ್ಲು, ಏಸಿ ಇಲ್ಲ. ಗೋಡೆ, ಚಾವಣಿ, ನೆಲ ಮೂರಕ್ಕೂ 100 ಮಿಲಿಮೀಟರ್ ಶಾಖನಿರೋಧಕ ಕೊಟ್ಟು ನೋಡಿದರೆ ಏಪ್ರಿಲ್ ರಾತ್ರಿ ಒಳಗಿನ ಉಷ್ಣತೆ ಹಳೆಯ ಮನೆಗಿಂತ 2 ಡಿಗ್ರಿ ಹೆಚ್ಚು ಬರುತ್ತಿದೆ. ನಮ್ಮ ಪ್ರಾಧ್ಯಾಪಕರು, ಶಾಖನಿರೋಧಕ ಚಳಿ ದೇಶದವರ ವಸ್ತು, ನಮಗೆ ಹೊಂದುವುದಿಲ್ಲ ಎಂದು ಬರೆದು ಮುಗಿಸಲು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ.

ಸಲಹೆಗಾರರು: ಇಂದಿನ ಒಳ್ಳೆಯ ಪ್ರಶ್ನೆ ಇದು, ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ಮೊದಲು ನೆಲದ ಕೆಳಗಿನ ಉಷ್ಣತೆಯನ್ನು ನೋಡಿ. ಎನರ್ಜಿಪ್ಲಸ್‌ಗೆ ನೀವಾಗಿ ಏನೂ ಹೇಳದಿದ್ದರೆ ಅದು ವರ್ಷವಿಡೀ ನೆಲದಡಿ 18 ಡಿಗ್ರಿ ಎಂದು ಹಿಡಿಯುತ್ತದೆ. ಕಲಬುರಗಿಯ ಮಣ್ಣು ಎಂದೂ ಅಷ್ಟು ತಣ್ಣಗಿರುವುದಿಲ್ಲ, ಅದು ವಾರ್ಷಿಕ ಸರಾಸರಿ ಗಾಳಿಯ ಉಷ್ಣತೆಯ ಆಸುಪಾಸು, ಅಂದರೆ ಸುಮಾರು 27 ಡಿಗ್ರಿ ಇರುತ್ತದೆ. ಹಾಗಾಗಿ ನಿಮ್ಮ ಹಳೆಯ ಮನೆಯ ಮಾದರಿಗೆ ನೆಲದಿಂದ ಇಲ್ಲದ ತಂಪು ಪುಕ್ಕಟೆಯಾಗಿ ಸಿಕ್ಕಿದೆ. ನೆಲಕ್ಕೂ ಶಾಖನಿರೋಧಕ ಹಾಕಿದಾಗ ಆ ಸುಳ್ಳು ತಂಪು ಕಡಿದುಹೋಗಿ ಹೊಸ ಮನೆ ಬಿಸಿಯಾದಂತೆ ಕಂಡಿದೆ. ನಿಮ್ಮ 2 ಡಿಗ್ರಿಯ ದೊಡ್ಡ ಪಾಲು ಇಲ್ಲಿಯದೇ ಇರಬೇಕು ಎಂಬುದು ನನ್ನ ಊಹೆ.

ಎರಡನೆಯದು ಕಿಟಕಿಗಳ ವೇಳಾಪಟ್ಟಿ. ಹಗಲಿನಲ್ಲಿ ಗಾಜಿನ ಮೂಲಕ ಬಂದ ಬಿಸಿಲು, ಒಲೆ, ಫ್ರಿಜ್ ಮತ್ತು ಮನೆಮಂದಿಯ ಶಾಖ ಒಳಗೇ ಉಳಿಯುತ್ತವೆ. ಗೋಡೆ ಮತ್ತು ಚಾವಣಿಯ ಮೂಲಕ ಹೊರಹೋಗುವ ದಾರಿಯನ್ನು ನೀವು ಮುಚ್ಚಿದ್ದೀರಿ. ಕಿಟಕಿಗಳೂ ರಾತ್ರಿ ಮುಚ್ಚಿವೆ ಎಂದು ಮಾದರಿ ಭಾವಿಸಿದ್ದರೆ ಆ ಶಾಖ ಹೋಗುವುದಾದರೂ ಎಲ್ಲಿಗೆ? ಹಗಲು ಕಿಟಕಿ ಮುಚ್ಚಿ, ಹೊರಗಿನ ಗಾಳಿ ಒಳಗಿಗಿಂತ ತಣ್ಣಗಾದ ಮೇಲೆ ತೆರೆಯುವಂತೆ ಹೊಂದಿಸಿ. ಈ ಭಾಗ ನಿಮ್ಮ ಪ್ರಾಧ್ಯಾಪಕರಿಗೆ ಅರ್ಧದಷ್ಟು ನ್ಯಾಯ ಒದಗಿಸುತ್ತದೆ: ನೆರಳು ಮತ್ತು ರಾತ್ರಿಯ ಗಾಳಿ ಇಲ್ಲದ ಶಾಖನಿರೋಧಕ ಏಸಿ ಇಲ್ಲದ ಮನೆಗೆ ಉಪದ್ರವವೇ.

ಆದರೆ ಚಾವಣಿಯ ಮಾತು ಬೇರೆ. ನಿಮ್ಮ ಊರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಮೇ ತಿಂಗಳಿನಲ್ಲೊಮ್ಮೆ ಆಗಸ್ಟ್‌ನಲ್ಲೊಮ್ಮೆ ಸೂರ್ಯ ನೆತ್ತಿಯ ಮೇಲೆಯೇ ಹಾದುಹೋಗುತ್ತಾನೆ. ಒಂದಂತಸ್ತಿನ ಮನೆಗೆ ಬಿಸಿಲಿನ ಬಹುಪಾಲು ಬರುವುದು ಸ್ಲ್ಯಾಬಿನ ಮೇಲೆ. ಬರಿಯ ಆರ್‌ಸಿಸಿ ಸ್ಲ್ಯಾಬಿನ ಶಾಖವಾಹಕತೆಯ ಅಂಕ, ಅಂದರೆ ಯು ಮೌಲ್ಯ, 3ಕ್ಕಿಂತ ಹೆಚ್ಚು. ಮನೆಗಳ ಶಕ್ತಿ ಉಳಿತಾಯಕ್ಕೆಂದು ಕೇಂದ್ರ ಸರ್ಕಾರ ತಂದ 2018ರ ಇಕೋ ನಿವಾಸ್ ಸಂಹಿತೆ ಚಾವಣಿಗೆ ಒಪ್ಪುವುದು 1.2ರವರೆಗೆ ಮಾತ್ರ. ಆದ್ದರಿಂದ ನೆಲದ ಶಾಖನಿರೋಧಕವನ್ನು ಪೂರ್ತಿ ತೆಗೆಯಿರಿ, ಗೋಡೆಯದನ್ನು ಪಕ್ಕಕ್ಕಿಡಿ, ಚಾವಣಿಗೆ ಮಾತ್ರ ಕೊಟ್ಟು ಮೇಲೆ ಬಿಳಿ ಬಣ್ಣ ಹಚ್ಚಿ ಓಡಿಸಿ. ಒಂದೊಂದು ಬದಲಾವಣೆಯನ್ನೂ ಪ್ರತ್ಯೇಕವಾಗಿ ಓಡಿಸಬೇಕು, ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಹವಾಮಾನದ ಕಡತ ಯಾವ ಊರಿನದೆಂದೂ ನೋಡಿಕೊಳ್ಳಿ.

ಮಂಗಳೂರು ಸೋಲಾರ್ ವ್ಯಾಪಾರಿ: ಇಷ್ಟೆಲ್ಲ ತಲೆಬಿಸಿ ಏಕೆ? ಮನೆಯ ಮೇಲೆ 3 ಕಿಲೋವ್ಯಾಟ್ ಫಲಕ ಹಾಕಿಸಿದರೆ ಕರೆಂಟ್ ಬಿಲ್ ಸೊನ್ನೆ, ಇಂಗಾಲವೂ ಸೊನ್ನೆ. ಇದಕ್ಕೊಂದು ಎಂ.ಎಸ್ಸಿ. ಬೇಕೇ?

ಧಾರವಾಡ ಗುತ್ತಿಗೆದಾರ: ಬಿಲ್ ಸೊನ್ನೆಯಾದರೆ ಇಂಗಾಲ ಸೊನ್ನೆಯಾಗುತ್ತದೆಯೇ ಮಾರಾಯರೇ? ನಾನು ಮೂವತ್ತು ವರ್ಷದಿಂದ ಮನೆ ಕಟ್ಟಿಸುತ್ತಿದ್ದೇನೆ. ಸಾವಿರ ಚದರಡಿಗೆ 400 ಚೀಲ ಸಿಮೆಂಟು ಸುರಿಯುತ್ತೇವೆ, ಅದರ ಹೊಗೆ ಯಾರ ಖಾತೆಗೆ? ನಮ್ಮ ಅಜ್ಜಂದಿರ ಮಣ್ಣಿನ ಮನೆಯೇ ನಿಜವಾದ ಶೂನ್ಯ.

ಮಂಗಳೂರು ಸೋಲಾರ್ ವ್ಯಾಪಾರಿ: ಅಜ್ಜನ ಮನೆ ಅಷ್ಟು ಚೆನ್ನಾಗಿದ್ದರೆ ನೀವು ಸಿಮೆಂಟಿನ ಮನೆಯನ್ನೇಕೆ ಕಟ್ಟಿಸುತ್ತಿದ್ದೀರಿ?

ಧಾರವಾಡ ಗುತ್ತಿಗೆದಾರ: ಗಿರಾಕಿ ಕೇಳಿದ್ದನ್ನು ಕಟ್ಟುತ್ತೇನೆ. ನಿಮ್ಮ ಹಾಗೆ ಸೊನ್ನೆ ಎಂದು ಸುಳ್ಳು ಹೇಳಿ ಮಾರುವುದಿಲ್ಲ.

ಲಂಡನ್ ಕನ್ನಡಿಗ: ಇಬ್ಬರಿಗೂ ಒಂದು ಮಾತು. 2016ರಿಂದ ಎಲ್ಲ ಹೊಸ ಮನೆಗಳೂ ಶೂನ್ಯ ಇಂಗಾಲದ್ದಾಗಬೇಕೆಂದು ಬ್ರಿಟಿಷ್ ಸರ್ಕಾರ 2006ರಲ್ಲಿ ಘೋಷಿಸಿ, 2015ರಲ್ಲಿ ತಾನೇ ಕೈಬಿಟ್ಟಿತು. ಅಂಥವರ ಬಳಿ ಹೋಗಿ ಶೂನ್ಯವನ್ನು ಕಲಿಯಬೇಕೇ ಎಂದು ನನಗೂ ಅನುಮಾನ.

ದಾವಣಗೆರೆ ವಿದ್ಯಾರ್ಥಿನಿ: ಸರ್ಕಾರ ಕೈಬಿಟ್ಟರೆ ವಿಶ್ವವಿದ್ಯಾಲಯದ ಪಾಠ ಸುಳ್ಳಾಗುತ್ತದೆಯೇ? ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಆವರಣದಲ್ಲಿ ಪ್ರಯೋಗಕ್ಕೆಂದೇ ಕಟ್ಟಿದ ಮನೆಗಳ ಸಾಲೇ ಇದೆ ಎಂದು ಓದಿದ್ದೇನೆ.

ಲಂಡನ್ ಕನ್ನಡಿಗ: ಓದುವುದಕ್ಕೂ ಇಲ್ಲಿ ಬಾಡಿಗೆ ಕಟ್ಟುವುದಕ್ಕೂ ವ್ಯತ್ಯಾಸವಿದೆ ತಂಗಿ.

ದಾವಣಗೆರೆ ವಿದ್ಯಾರ್ಥಿನಿ: ನಾನು ಬಾಡಿಗೆಯ ಬಗ್ಗೆ ಕೇಳಲಿಲ್ಲ.

ಸಲಹೆಗಾರರು: ಸೋಲಾರ್‌ನವರಿಗೆ ಒಂದು ಲೆಕ್ಕ. ಒಂದು ಚೀಲ ಸಿಮೆಂಟಿಗೆ ಸುಮಾರು 40 ಕಿಲೋ ಎಂದು ಹಿಡಿದರೆ 400 ಚೀಲಕ್ಕೆ 16 ಟನ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ನಿಮ್ಮ 3 ಕಿಲೋವ್ಯಾಟ್ ವರ್ಷಕ್ಕೆ ಸುಮಾರು 4,200 ಯೂನಿಟ್ ಕೊಡುತ್ತದೆ, ಯೂನಿಟ್ಟಿಗೆ 0.7 ಕಿಲೋ ಉಳಿಯಿತೆಂದರೂ ಬರಿಯ ಸಿಮೆಂಟಿನ ಋಣ ತೀರಲು ಐದು ವರ್ಷದ ಮೇಲಾಗುತ್ತದೆ. ಉಕ್ಕು, ಇಟ್ಟಿಗೆ, ಟೈಲ್ಸ್, ಫಲಕಗಳ ತಯಾರಿಕೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ರಾತ್ರಿ ಫ್ಯಾನು ತಿರುಗುವುದು ಗ್ರಿಡ್ಡಿನ ಕರೆಂಟಿನಿಂದ ಎಂಬುದನ್ನೂ ಬಿಟ್ಟಿದ್ದೇನೆ. ಗುತ್ತಿಗೆದಾರರಿಗೂ ಒಂದು ಮಾತು: ಮಣ್ಣನ್ನು ಹೊಗಳಿದರೆ ಸಾಲದು, ಅಳೆಯಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ತಂಡ ಗಟ್ಟಿಮಣ್ಣಿನ ಇಟ್ಟಿಗೆಯ ಮೇಲೆ ದಶಕಗಳ ಕೆಲಸ ಮಾಡಿದೆ, ಇಂದು ಅದು ಸುಸ್ಥಿರ ತಂತ್ರಜ್ಞಾನ ಕೇಂದ್ರ. ಸಿಮೆಂಟ್ ಬೇಕೇ ಬೇಕೆಂದರೆ ಸಿಮೆಂಟಿನ ಮುಖ್ಯ ಘಟಕವಾದ, ಗೂಡಿನಲ್ಲಿ ಸುಟ್ಟ ಕ್ಲಿಂಕರನ್ನು ಅರ್ಧಕ್ಕೆ ಇಳಿಸಿ ಸುಟ್ಟ ಜೇಡಿ ಮತ್ತು ಸುಣ್ಣಕಲ್ಲು ಬೆರೆಸುವ ಎಲ್‌ಸಿ3 ಸಿಮೆಂಟಿಗೆ 2023ರಲ್ಲೇ ಭಾರತೀಯ ಮಾನಕ ಬಂದಿದೆ.

ಮಂಗಳೂರು ಸೋಲಾರ್ ವ್ಯಾಪಾರಿ: ಲೆಕ್ಕ ಹಾಕುವವರು ಬಿಲ್ ಕಟ್ಟುವುದಿಲ್ಲ.

ಧಾರವಾಡ ಗುತ್ತಿಗೆದಾರ: ಮಾರುವವರು ಲೆಕ್ಕ ಹಾಕುವುದಿಲ್ಲ.

ನಿರ್ವಾಹಕರು: ಇಬ್ಬರೂ ಇಲ್ಲಿಗೆ ನಿಲ್ಲಿಸಬೇಕು. ಮುಂದಿನ ಸಂದೇಶವನ್ನು ಅಳಿಸುತ್ತೇನೆ.

ವಿಜಯಪುರ ಸದಸ್ಯ: ಐಇಎಲ್‌ಟಿಎಸ್ ಎಷ್ಟು ಬೇಕು ಎಂದು ತಿಳಿಸುವಿರಾ?

ಸಲಹೆಗಾರರು: ಮೇಲೆ ಇದೆ.

ತುಮಕೂರು ಸದಸ್ಯ: ಮೇಡಂ, ಇನ್ನೊಂದು ಸಂದೇಶ ಬಂದಿದೆ. ಸಗಣಿ ಬಣ್ಣ ಹಚ್ಚಿದರೆ ಮನೆ ಹತ್ತು ಡಿಗ್ರಿ ತಣ್ಣಗಾಗುತ್ತದಂತೆ.

ಸಲಹೆಗಾರರು: ಚಾವಣಿಯ ಮೇಲಿನ ಬಣ್ಣ ಬಿಳಿಯಾಗಿದ್ದಷ್ಟೂ ಬಿಸಿಲನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಕೆಲಸ ಮಾಡುವುದು ಬಿಳುಪು. ಅದರಲ್ಲಿ ಏನು ಬೆರೆಸಿದ್ದಾರೆ ಎಂಬುದಲ್ಲ. ಹತ್ತು ಡಿಗ್ರಿ ಎಂದರೆ ಎಲ್ಲಿಯ ಹತ್ತು ಡಿಗ್ರಿ, ಸ್ಲ್ಯಾಬಿನ ಮೇಲ್ಮೈಯದೋ ಕೋಣೆಯ ಗಾಳಿಯದೋ ಎಂದು ಕಳುಹಿಸಿದವರನ್ನೇ ಕೇಳಿ. ದಯವಿಟ್ಟು ಇನ್ನು ಫಾರ್ವರ್ಡ್‌ಗಳನ್ನು ಹಾಕಬೇಡಿ.

ತುಮಕೂರು ಸದಸ್ಯ: ಕೇಳುವುದೂ ತಪ್ಪೇ? ಓದಿದವರಿಗೆ ಇಷ್ಟು ಗರ್ವ ಇರಬಾರದು.

ಶಿವಮೊಗ್ಗ ಸದಸ್ಯೆ: ದೂರಶಿಕ್ಷಣದ ಬಗ್ಗೆ ಕೇಳಿದ್ದೆ, ಉತ್ತರ ಬರಲಿಲ್ಲ.

ಹಾಸನ ಸದಸ್ಯ: ಮೇಡಂ, ಏಜೆಂಟರಿಗೆ ನಿಮ್ಮ ಉತ್ತರವನ್ನು ತೋರಿಸಿದೆ. ಅದು ಹಳೆಯ ನಿಯಮ, ತಮ್ಮ ಕಚೇರಿಗೆ ವಿಶೇಷ ಒಪ್ಪಂದವಿದೆ ಎನ್ನುತ್ತಿದ್ದಾರೆ.

ಸಲಹೆಗಾರರು: ಒಪ್ಪಂದವನ್ನು ಬರಹದಲ್ಲಿ ಕೊಡಲು ಹೇಳಿ. ಕೊಡುವುದಿಲ್ಲ. ವೀಸಾ ನಿಯಮ ಬ್ರಿಟಿಷ್ ಸರ್ಕಾರದ ಜಾಲತಾಣದಲ್ಲಿ ಎಲ್ಲರಿಗೂ ಒಂದೇ ಇರುತ್ತದೆ. ತಂದೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಂದೇ ಅದನ್ನು ಓದಿ ಹೇಳಿ.

ಕಲಬುರಗಿ ವಿದ್ಯಾರ್ಥಿ: ಮೇಡಂ, ನೆಲದಡಿಯ ಉಷ್ಣತೆ 18 ಎಂದೇ ಇತ್ತು. ಅದನ್ನು ಸರಿಪಡಿಸಿ, ಚಾವಣಿಗೆ ಮಾತ್ರ ಶಾಖನಿರೋಧಕ ಮತ್ತು ಬಿಳಿ ಬಣ್ಣ ಕೊಟ್ಟು ಓಡಿಸಿದೆ. ಈಗ ಹೊಸ ಮನೆ ಮಧ್ಯಾಹ್ನವೂ ರಾತ್ರಿಯೂ ಹಳೆಯದಕ್ಕಿಂತ ತಣ್ಣಗಿದೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಎಲ್ಲ ಕಿಟಕಿಗಳನ್ನೂ ಪೂರ್ತಿ ತೆರೆದಿಟ್ಟಿದ್ದೇನೆ.

ಸಲಹೆಗಾರರು: ಸಂತೋಷ. ಆದರೆ ನಿಮ್ಮ ಮನೆಯಲ್ಲಿ ರಾತ್ರಿಯಿಡೀ ಎಲ್ಲ ಕಿಟಕಿಗಳನ್ನೂ ಪೂರ್ತಿ ತೆರೆದು ಮಲಗುತ್ತಾರೆಯೇ? ಸೊಳ್ಳೆ ಪರದೆ ಇದ್ದರೆ ಗಾಳಿಯ ಹರಿವು ಗಣನೀಯವಾಗಿ ಕುಗ್ಗುತ್ತದೆ, ಬೀದಿಯ ಕಡೆಯ ಕಿಟಕಿಯನ್ನು ಕಳ್ಳರ ಭಯಕ್ಕೆ ಮುಚ್ಚಿರುತ್ತಾರೆ. ಮನೆಯವರನ್ನು ಕೇಳಿ ಯಾವ ಕಿಟಕಿ ನಿಜವಾಗಿ ತೆರೆದಿರುತ್ತದೆಂದು ಬರೆದುಕೊಳ್ಳಿ, ಅಷ್ಟನ್ನೇ ಮಾದರಿಗೆ ಕೊಟ್ಟು ಮತ್ತೊಮ್ಮೆ ಓಡಿಸಿ. ಎರಡೂ ಫಲಿತಾಂಶಗಳನ್ನು ಅರ್ಜಿಯಲ್ಲಿ ಅಕ್ಕಪಕ್ಕ ಇಡಿ.