ಚುಟ್ಟ ಹಚ್ಚುವ ‘ಜಂಪ್ ಸ್ಪಾರ್ಕ್’ ಪೆಟ್ಟಿಗೆ: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಹಳೆಯ ಯಂತ್ರಗಳ ಬಗ್ಗೆ ಕನ್ನಡದಲ್ಲಿ ಬರೆಯುವುದು ನನಗೆ ತುಂಬಾ ಇಷ್ಟದ ಕೆಲಸ. ಈ ವಾರ ಒಂದು ಸಾಮಾನಿನ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಅದು ಮಾಡುವ ಕೆಲಸ ಅರ್ಥವಾಗಿದೆ. ಅದಕ್ಕೊಂದು ಒಳ್ಳೆಯ ಹೆಸರು ಬೇಕು. ನಿಮ್ಮ ನಿಮ್ಮ ಊರಿನ ಮಾತುಗಳಿಂದಲೇ ಅದು ಹುಟ್ಟಬೇಕು ಅನ್ನುವುದು ನನ್ನ ಆಸೆ.

ಸಾಮಾನು ಇದು. 20ನೇ ಶತಮಾನದ ಮೊದಮೊದಲ ವರ್ಷಗಳಲ್ಲಿ ಅಮೆರಿಕದ ಸಿಗಾರ್ ಅಂಗಡಿಗಳಲ್ಲಿ, ಗಲ್ಲಾದ ಪಕ್ಕದಲ್ಲಿ, ಒಂದು ಮರದ ಪೆಟ್ಟಿಗೆ ಇರುತ್ತಿತ್ತು. ಹಳೆಯ ವಸ್ತು ಕೂಡಿಡುವವರ ನಡುವೆ ಇವತ್ತಿಗೂ ‘ಮಿಡ್‌ಲ್ಯಾಂಡ್ ಜಂಪ್ ಸ್ಪಾರ್ಕ್’ ಅನ್ನುವ ಮಾದರಿಗೆ ಹೆಸರಿದೆ. ಗಿರಾಕಿ ಸಿಗಾರ್ ಕೊಳ್ಳುತ್ತಾನೆ. ಕತ್ತರಿಯೂ ಸೇರಿರುವ ಪೆಟ್ಟಿಗೆಯಾದರೆ ಸಿಗಾರಿನ ತುದಿಯನ್ನು ಒಂದು ತೂತಿಗೆ ಇಡುತ್ತಾನೆ, ಒಳಗಿನ ಅಲಗು ಆ ತುದಿಯನ್ನು ಕಚಕ್ ಅಂತ ತೆಗೆಯುತ್ತದೆ. ಆಮೇಲೆ ಪಕ್ಕದಲ್ಲಿರುವ ಸಣ್ಣ ಕೋಲನ್ನು ಎತ್ತಿಕೊಳ್ಳುತ್ತಾನೆ. ಕೋಲಿನ ತುದಿಯಲ್ಲಿ ಪೆಟ್ರೋಲಿನಂಥ ಎಣ್ಣೆಯಲ್ಲಿ ನೆಂದ ಬತ್ತಿ ಇದೆ. ಅದನ್ನು ಪೆಟ್ಟಿಗೆಯ ಮೇಲಿನ ಲೋಹದ ಮೊನೆಯ ಹತ್ತಿರ ತಂದರೆ ಒಳಗಡೆ ಝುಯ್ ಅಂತ ಸದ್ದು. ನೀಲಿ ಕಿಡಿ ಹಾರುತ್ತದೆ, ಬತ್ತಿ ಹೊತ್ತಿಕೊಳ್ಳುತ್ತದೆ. ಸಿಗಾರ್ ಹಚ್ಚಿಕೊಂಡು, ಬತ್ತಿ ಆರಿಸಿ, ಕೋಲನ್ನು ಮೊದಲಿನ ಜಾಗದಲ್ಲಿ ಇಟ್ಟು ಹೋಗುತ್ತಾನೆ.

ಅದಕ್ಕೂ ಮೊದಲು ಇಂಥ ಅಂಗಡಿಗಳಲ್ಲಿ ಗ್ಯಾಸಿನ ಸಣ್ಣ ಜ್ವಾಲೆಯೊಂದು ಬಿಡದೆ ಉರಿಯುತ್ತಿತ್ತು. ನಮ್ಮ ಬೀಡಾ ಅಂಗಡಿಗಳ ಮುಂದೆ ನೇತುಹಾಕಿದ ನಾರಿನ ಹಗ್ಗದ ಹಾಗೆ. ತುದಿಯಲ್ಲಿ ಕೆಂಡ ಹಿಡಿದುಕೊಂಡು ಇಡೀ ದಿನ ಹೊಗೆಯಾಡುತ್ತಾ ಇರುತ್ತಿತ್ತಲ್ಲ, ಅದೇ. ಬಂದವರು ಬೀಡಿಯನ್ನು ಅದಕ್ಕೆ ತಾಗಿಸಿ ಎರಡು ಸಲ ಎಳೆದರೆ ಮುಗಿಯಿತು. ಕಿಡಿಯ ಪೆಟ್ಟಿಗೆ ಬಂದ ಮೇಲೆ ಬೆಂಕಿ ಸದಾ ಇರಬೇಕಾಗಿಲ್ಲ, ಬೇಕಾದಾಗ ಹುಟ್ಟಿದರೆ ಸಾಕು ಅಂತಾಯಿತು. ಈ ವ್ಯತ್ಯಾಸ ಮುಂದೆ ಪದಗಳ ವಿಷಯಕ್ಕೂ ಬರುತ್ತದೆ, ನೆನಪಿರಲಿ.

ಈಗ ಮೊದಲ ಪ್ರಶ್ನೆ. ‘ಜಂಪ್ ಸ್ಪಾರ್ಕ್’ ಅಂದರೆ ಏನು, ಅದಕ್ಕೆ ಕನ್ನಡ ಯಾವುದು?

ಇದು ಆ ಕಾಲದ ಎಂಜಿನ್ ಮೆಕ್ಯಾನಿಕ್ಕುಗಳ ಮಾತು. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹುಟ್ಟಿಸುವುದಕ್ಕೆ ಆಗ ಎರಡು ದಾರಿ ಇದ್ದವು. ಒಂದರಲ್ಲಿ ಎರಡು ಲೋಹದ ತುದಿಗಳು ಸಿಲಿಂಡರಿನ ಒಳಗೇ ಕೂಡುತ್ತವೆ, ಥಟ್ಟನೆ ಬೇರೆಯಾಗುತ್ತವೆ. ಬೇರೆಯಾಗುವ ಗಳಿಗೆಯಲ್ಲಿ ಕಿಡಿ ಬರುತ್ತದೆ. ಇನ್ನೊಂದರಲ್ಲಿ ತುದಿಗಳು ಕೂಡುವುದೇ ಇಲ್ಲ. ನಡುವೆ ಸಣ್ಣ ಸಂದು. ಒಂದು ತುದಿಯಿಂದ ಇನ್ನೊಂದು ತುದಿಗೆ ವಿದ್ಯುತ್ತು ಗಾಳಿಯಲ್ಲೇ ಹಾಯುತ್ತದೆ. ಈ ಎರಡನೆಯದಕ್ಕೇ ‘ಜಂಪ್ ಸ್ಪಾರ್ಕ್’ ಅಂದರು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಇದ್ದದ್ದೂ ಇದೇ ಬಗೆಯದು. ಹಾಗಾಗಿ ಅಂಗಡಿಯ ಪೆಟ್ಟಿಗೆಗೆ ಆ ಹೆಸರು ಇಟ್ಟಾಗ, ‘ಇದರೊಳಗೆ ಮೋಟಾರು ಗಾಡಿಯ ಬುದ್ಧಿ ಇದೆ’ ಅಂತ ಸಾರಿದ ಹಾಗಾಯಿತು. ಆಗಿನ ಜನಕ್ಕೆ ಅದು ತೀರಾ ಹೊಸ ಮಾತು.

ಗಾಳಿಯಲ್ಲಿ ಒಂದು ಮಿಲಿಮೀಟರ್ ಸಂದು ದಾಟಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಪೆಟ್ಟಿಗೆಯ ಒಳಗಿರುವುದೋ ಒಂದೊಂದೂ 1.5 ವೋಲ್ಟಿನ ಸೆಲ್ಲುಗಳು. ಆ ಕೆಲವೇ ವೋಲ್ಟುಗಳನ್ನು ಸಾವಿರಾರು ಮಾಡುವುದು ತಂತಿಯ ಸುರುಳಿ. ಕಬ್ಬಿಣದ ತಿರುಳಿನ ಸುತ್ತ ದಪ್ಪ ತಂತಿ ಸ್ವಲ್ಪ ಸುತ್ತು, ಅದರ ಮೇಲೆ ಕೂದಲೆಳೆಯಂಥ ತಂತಿ ಸಾವಿರಾರು ಸುತ್ತು. ದಪ್ಪ ತಂತಿಯಲ್ಲಿ ಕರೆಂಟು ಹರಿದರೆ ತಿರುಳು ಅಯಸ್ಕಾಂತವಾಗಿ ಒಂದು ಸ್ಪ್ರಿಂಗ್ ಪಟ್ಟಿಯನ್ನು ಎಳೆಯುತ್ತದೆ. ಎಳೆದ ಕೂಡಲೇ ಕರೆಂಟು ಕಡಿಯುತ್ತದೆ, ಪಟ್ಟಿ ಮತ್ತೆ ಮೊದಲಿನ ಜಾಗಕ್ಕೆ ಬರುತ್ತದೆ. ಹೀಗೆ ಬಿಟ್ಟೂಬಿಡದೆ ಕಡಿದು ಕೂಡುವುದರ ಸದ್ದೇ ಆ ಝುಯ್. ಒಂದೊಂದು ಸಲ ಕಡಿದಾಗಲೂ ಮೇಲಿನ ಸಣ್ಣ ತಂತಿಯಲ್ಲಿ ದೊಡ್ಡ ವೋಲ್ಟು ಏಳುತ್ತದೆ. ಇಂಥ ಸುರುಳಿಯನ್ನು 1836ರಲ್ಲಿ ಐರ್ಲೆಂಡಿನ ಪಾದ್ರಿ ನಿಕೋಲಸ್ ಕ್ಯಾಲನ್ ಮಾಡಿದ್ದರು. ಪ್ಯಾರಿಸಿನ ರೂಮ್‌ಕೋರ್ಫ್ ಅದನ್ನು 1850ರ ದಶಕದಲ್ಲಿ ಹೆಸರುವಾಸಿ ಮಾಡಿದರು.

ಇಷ್ಟು ವಿವರ ಯಾಕೆ ಹೇಳಿದೆ ಅಂದರೆ, ಕ್ರಿಯಾಪದ ಆರಿಸುವುದಕ್ಕೆ ಇದು ಬೇಕು. ಕನ್ನಡದಲ್ಲಿ ಕಿಡಿ ಸಿಡಿಯುತ್ತದೆ, ಚಿಮ್ಮುತ್ತದೆ, ಏಳುತ್ತದೆ, ಹಾರುತ್ತದೆ. ಕಮ್ಮಾರನ ಕುಲುಮೆಯಲ್ಲಿ ಸಿಡಿಯುವ ಕಿಡಿಗೆ ಗೊತ್ತಾದ ಗುರಿ ಇಲ್ಲ. ವೆಲ್ಡಿಂಗ್ ಮಾಡುವಾಗ ಚಿಮ್ಮುವ ಕಿಡಿಯೂ ಹಾಗೆಯೇ. ಇಲ್ಲಿಯ ಕಿಡಿಗೆ ಈ ದಡ, ಆ ದಡ ಅಂತ ಎರಡಿವೆ. ಆ ಅರ್ಥ ‘ಹಾರು’ ಅನ್ನುವುದರಲ್ಲಿ ಚೆನ್ನಾಗಿ ಬರುತ್ತದೆ ಅನ್ನಿಸುತ್ತದೆ. ಬೇಲಿ ಹಾರಿದ, ಹಳ್ಳ ಹಾರಿದ ಅನ್ನುತ್ತೇವೆ. ಹನುಮಂತ ಸಮುದ್ರ ಹಾರಿದ ಅನ್ನುತ್ತೇವೆ. ಅಲ್ಲೆಲ್ಲ ಹಾರುವುದು ಅಂದರೆ ನಡುವಿನ ಜಾಗವನ್ನು ಮುಟ್ಟದೆ ಆಚೆ ಸೇರುವುದು. ಅದಕ್ಕೇ ‘ಜಂಪ್ ಸ್ಪಾರ್ಕ್’ ಅನ್ನು ‘ಹಾರುಗಿಡಿ’ ಅನ್ನಬಹುದಾ ಅಂತ ಯೋಚಿಸಿದೆ. ಸಂಧಿ ಸರಿ ಇದೆ, ಆದರೆ ಓದುವವರ ಕಿವಿಗೆ ‘ಗಿಡ’ ಬಂದು ಕೂರುತ್ತದೋ ಏನೋ. ‘ಹಾರುಕಿಡಿ’ ಅಂತ ಸಂಧಿ ಬಿಟ್ಟು ಬರೆದರೆ ನಿಮಗೆ ಒಪ್ಪಿಗೆಯಾ?

ಅಂದ ಹಾಗೆ, ಹಾರುಕಿಡಿ ನೋಡುವುದಕ್ಕೆ ಅಮೆರಿಕದ ಹಳೆಯ ಪೆಟ್ಟಿಗೆಯೇ ಬೇಕಾಗಿಲ್ಲ. ನಮ್ಮ ಅಡುಗೆಮನೆಯ ಗ್ಯಾಸ್ ಲೈಟರ್ ಒತ್ತಿದಾಗ ಟಕ್ ಅಂತ ತುದಿಯಲ್ಲಿ ಕಾಣುವುದೂ ಅದೇ. ಅಲ್ಲಿ ಸೆಲ್ಲೂ ಇಲ್ಲ, ಸುರುಳಿಯೂ ಇಲ್ಲ. ಒಂದು ಬಗೆಯ ಹರಳಿಗೆ ಏಟು ಬಿದ್ದಾಗ ವೋಲ್ಟು ಹುಟ್ಟುತ್ತದೆ. ಹರಳಿನ ಆ ಗುಣವನ್ನು 1880ರಲ್ಲಿ ಕಂಡುಹಿಡಿದವರು ಕ್ಯೂರಿ ಅಣ್ಣತಮ್ಮಂದಿರು, ಜಾಕ್ ಮತ್ತು ಪಿಯರ್.

ಎರಡನೆಯ ಪ್ರಶ್ನೆ ‘ಹಚ್ಚು’ ಅನ್ನುವುದರ ಬಗ್ಗೆ. ನನ್ನ ಮನಸ್ಸನ್ನು ತುಂಬಾ ಹಿಡಿದಿರುವುದು ಇದೇ.

ದೀಪ ಹಚ್ಚು, ಒಲೆ ಹಚ್ಚು, ಬೀಡಿ ಹಚ್ಚು. ಕೆಲವು ಕಡೆ ದೀಪ ಹತ್ತಿಸು. ನಮ್ಮಜ್ಜಿ ದೀಪ ಅಂಟಿಸು ಅನ್ನುತ್ತಿದ್ದರು. ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ತಲೆಗೆ ಎಣ್ಣೆ ಹಚ್ಚುತ್ತೇವೆ, ಎಲೆಗೆ ಸುಣ್ಣ ಹಚ್ಚುತ್ತೇವೆ. ಕಾಗದ ಅಂಟಿಸುತ್ತೇವೆ. ಮೂರರಲ್ಲೂ ಇರುವುದು ಒಂದನ್ನು ಇನ್ನೊಂದಕ್ಕೆ ತಾಗಿಸಿ ಕೂರಿಸುವ ಅರ್ಥ. ಅಂದರೆ ನಮ್ಮ ಮಾತಿನಲ್ಲಿ ಬೆಂಕಿ ಅನ್ನುವುದು ಮೊದಲೇ ಎಲ್ಲೋ ಇದೆ, ಅದನ್ನು ತಂದು ಇಲ್ಲಿಗೆ ಅಂಟಿಸುತ್ತೇವೆ. ಪಕ್ಕದ ಮನೆಯಿಂದ ಕೆಂಡ ತಂದು ಒಲೆ ಹಚ್ಚುತ್ತಿದ್ದ ಕಾಲದ ಬದುಕು ಈ ಪದಗಳಲ್ಲಿ ಹಾಗೇ ಉಳಿದಿದೆ ಅಂತ ನನಗೆ ಅನ್ನಿಸುತ್ತದೆ. ಬೆಂಕಿಯನ್ನು ಹೊಸದಾಗಿ ಹುಟ್ಟಿಸುವುದಕ್ಕೆ ಬೇರೆಯೇ ಮಾತುಗಳಿವೆ. ಅರಣಿ ಕಡೆಯುತ್ತಾರೆ, ಕಡ್ಡಿ ಗೀರುತ್ತಾರೆ, ಚಕಮಕಿ ಕಲ್ಲು ಕುಟ್ಟುತ್ತಾರೆ.

ನಾನು ಹೇಳಿದ ಪೆಟ್ಟಿಗೆಯಲ್ಲಿ ಎರಡೂ ನಡೆಯುತ್ತವೆ. ಕಿಡಿ ಹಾರುವುದು ಬೆಂಕಿ ಹುಟ್ಟುವ ಕೆಲಸ. ಬತ್ತಿಯಿಂದ ಸಿಗಾರಿಗೆ ಹೋಗುವುದು ಹಚ್ಚುವ ಕೆಲಸ. ಇಂಗ್ಲಿಷಿನವರು ಎರಡನ್ನೂ ‘ಲೈಟರ್’ ಅನ್ನುವ ಒಂದೇ ಪದದಲ್ಲಿ ಮುಗಿಸುತ್ತಾರೆ. ಹಗ್ಗದ ಕೆಂಡ ಬರೀ ಹಚ್ಚುವುದಕ್ಕೆ. ಕಡ್ಡಿಪೆಟ್ಟಿಗೆ ಹುಟ್ಟಿಸುವುದಕ್ಕೂ ಹಚ್ಚುವುದಕ್ಕೂ. ಕಾರಿನಲ್ಲಿ ಈಗ ಮೊಬೈಲ್ ಚಾರ್ಜ್ ಮಾಡುವ 12 ವೋಲ್ಟಿನ ತೂತಿಗೆ ‘ಸಿಗಾರ್ ಲೈಟರ್’ ಅನ್ನುವ ಹೆಸರು ಇನ್ನೂ ಅಂಟಿಕೊಂಡಿದೆ. ಅಲ್ಲಿ ಕಿಡಿ ಇಲ್ಲ, ಜ್ವಾಲೆ ಇಲ್ಲ, ಕೆಂಪಗೆ ಕಾದ ತಂತಿ ಅಷ್ಟೇ. ಕನ್ನಡದಲ್ಲಿ ಹೆಸರಿಡುವಾಗ ಇವನ್ನು ಬೇರೆಬೇರೆಯಾಗಿ ತೋರಿಸುವ ಅವಕಾಶ ನಮಗಿದೆ. ಅದನ್ನು ಯಾಕೆ ಬಿಡಬೇಕು?

ಲೈಟರಿಗೆ ‘ಚಕಮಕಿ’ ಅನ್ನೋಣ ಅಂತ ಗೆಳೆಯರೊಬ್ಬರು ಸೂಚಿಸಿದರು. ಒಳ್ಳೆಯ ಮಾತು. ಇದರ ಮೂಲ ತುರ್ಕಿಯ ‘ಚಾಕ್ಮಾಕ್’. ತುರ್ಕಿಯವರು ಇವತ್ತಿಗೂ ಜೇಬಿನ ಲೈಟರನ್ನು ಅದೇ ಪದದಿಂದ ಕರೆಯುತ್ತಾರೆ. ನಮ್ಮಲ್ಲಿ ಅದು ಕಲ್ಲಿನಿಂದ ಜಿಗಿದು ಬೇರೆ ಕಡೆ ಹೋಯಿತು. ಪೇಪರಿನಲ್ಲಿ ದಿನಾ ಓದುತ್ತೇವಲ್ಲ, ಮಾತಿನ ಚಕಮಕಿ, ಗುಂಡಿನ ಚಕಮಕಿ ಅಂತ. ಇನ್ನೊಂದು ಸ್ವಾರಸ್ಯ ಇದೆ. ಜೇಬಿನ ಲೈಟರಿಗೆ ಹಾಕುವ ಸಣ್ಣ ಚೂರನ್ನು ಅಂಗಡಿಯಲ್ಲಿ ‘ಲೈಟರ್ ಕಲ್ಲು’ ಅಂತಲೇ ಕೇಳುತ್ತಿದ್ದರು. ಅದು ಕಲ್ಲಲ್ಲ, ಸೀರಿಯಂ ಮತ್ತು ಕಬ್ಬಿಣ ಸೇರಿದ ಲೋಹ. ಆಸ್ಟ್ರಿಯಾದ ಆವರ್ ಫಾನ್ ವೆಲ್ಸ್‌ಬಾಕ್ 1903ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಲೋಹ ಬಂದರೂ ಕಲ್ಲಿನ ನೆನಪು ಮಾತಿನಲ್ಲಿ ಹೋಗಲಿಲ್ಲ. ಜೇಬಿನ ಲೈಟರಿಗೆ ಚಕಮಕಿ ಸರಿ. ಆದರೆ ನಮ್ಮ ಪೆಟ್ಟಿಗೆಯಲ್ಲಿ ಉಜ್ಜುವುದು, ಕುಟ್ಟುವುದು ಯಾವುದೂ ಇಲ್ಲ. ಅದಕ್ಕೆ ಆ ಪದ ಕೊಟ್ಟರೆ ಅದರ ಹೊಸತನವೇ ಕಾಣುವುದಿಲ್ಲ.

ಇನ್ನು ಸಿಗಾರ್. ಇದನ್ನು ಚುಟ್ಟ ಅನ್ನೋಣವಾ? ಇಲ್ಲಿ ನನಗೆ ತುಂಬಾ ಸಂತೋಷ ಕೊಟ್ಟ ಒಂದು ವಿಷಯ ಸಿಕ್ಕಿತು. ಇಂಗ್ಲಿಷಿನ ‘ಚೆರೂಟ್’ ತಮಿಳಿನ ‘ಸುರುಟ್ಟು’ ಪದದಿಂದ ಹೋದದ್ದು. ಪೋರ್ಚುಗೀಸರು ಇವತ್ತಿಗೂ ಸಿಗಾರನ್ನು ‘ಶರೂತು’ ಅನ್ನುತ್ತಾರೆ, ಅದೂ ಇದೇ ಪದ. ಹೊಗೆಸೊಪ್ಪನ್ನು ಹಡಗಿನಲ್ಲಿ ತಂದವರು ವಾಪಸ್ ಹೋಗುವಾಗ ಪದವನ್ನು ಕೊಂಡೊಯ್ದರು. ಸುರುಟ್ಟು ಅಂದರೆ ಸುರುಳಿ ಸುತ್ತಿದ್ದು. ಕನ್ನಡದ ಸುರುಟು, ಸುರುಳಿ ಅದರ ಒಡಹುಟ್ಟಿದವು. ತೆಲುಗಿನ ಚುಟ್ಟ ಬಂದಿರುವುದು ‘ಚುಟ್ಟು’ ಅನ್ನುವುದರಿಂದ, ಅದಕ್ಕೆ ಕನ್ನಡದ ಜೋಡಿ ‘ಸುತ್ತು’.

ಈಗ ಪೆಟ್ಟಿಗೆಯ ಒಳಗೆ ಇನ್ನೊಮ್ಮೆ ನೋಡಿ. ಅಲ್ಲಿರುವುದು ತಂತಿಯ ಸುರುಳಿ, ಅದಕ್ಕೆ ಸಾವಿರಾರು ಸುತ್ತು. ಹೊರಗೆ ಗಿರಾಕಿಯ ಕೈಯಲ್ಲಿರುವುದು ಎಲೆಯ ಸುರುಳಿ. ತಾಮ್ರದ ಸುರುಳಿ ಎಲೆಯ ಸುರುಳಿಗೆ ಬೆಂಕಿ ಕೊಡುತ್ತದೆ. ಇಂಗ್ಲಿಷಿನ ‘ಕಾಯಿಲ್’ ಮತ್ತು ‘ಸಿಗಾರ್’ ನಡುವೆ ಇಂಥ ನೆಂಟಸ್ತನ ಇಲ್ಲ. ನಮ್ಮ ಮಾತಿನಲ್ಲಿ ಮಾತ್ರ ಇದು ಕಾಣುತ್ತದೆ!

ಆದರೆ ಚುಟ್ಟಕ್ಕೂ ಸಿಗಾರಿಗೂ ಒಂದು ವ್ಯತ್ಯಾಸ ಇದೆ. ಚುಟ್ಟದ ಎರಡು ತುದಿಯೂ ತೆರೆದೇ ಇರುತ್ತವೆ. ಸಿಗಾರಿನಲ್ಲಿ ಬಾಯಿಗಿಡುವ ತುದಿ ಮುಚ್ಚಿರುತ್ತದೆ. ಅದಕ್ಕೇ ಅಮೆರಿಕದ ಅಂಗಡಿಯಲ್ಲಿ ಕತ್ತರಿ ಬೇಕಾಯಿತು, ನಮ್ಮ ಚುಟ್ಟ ಸೇದುವವರಿಗೆ ಬೇಕಾಗಲಿಲ್ಲ. ಬರಹದಲ್ಲಿ ಮೊದಲು ಸಿಗಾರ್ ಅಂತ ಬರೆದು, ತುದಿ ಮುಚ್ಚಿದ ಚುಟ್ಟ ಅಂತ ಒಂದು ಸಾಲು ಸೇರಿಸಿ, ಆಮೇಲೆ ಎರಡನ್ನೂ ಬಳಸುತ್ತಾ ಹೋಗುವುದು ನನ್ನ ಯೋಚನೆ.

ಹಾಗಾದರೆ ಆ ತುದಿ ತೆಗೆಯುವುದಕ್ಕೆ ಯಾವ ಕ್ರಿಯಾಪದ? ಕತ್ತರಿಸು ಅಂದರೆ ತಪ್ಪಿಲ್ಲ, ಆದರೆ ರುಚಿ ಇಲ್ಲ. ಕೊಯ್ಯು, ಹೆಚ್ಚು, ಕಡಿ ಯಾವುದೂ ಹೊಂದುವುದಿಲ್ಲ. ನನಗೆ ವೀಳ್ಯದೆಲೆ ನೆನಪಾಯಿತು. ಎಲೆ ಹಾಕಿಕೊಳ್ಳುವವರು ತೊಟ್ಟು ಮುರಿದು, ತುದಿ ಚಿವುಟಿ, ಬೆನ್ನಿನ ನಾರು ತೆಗೆದು, ಆಮೇಲೆ ಸುಣ್ಣ ಹಚ್ಚುತ್ತಾರೆ. ಸಿಗಾರಿನದೂ ಇದೇ ಕ್ರಮ, ಮೊದಲು ತುದಿ ಚಿವುಟುವುದು, ಆಮೇಲೆ ಹಚ್ಚುವುದು. ಬೀಡಿ, ಬೀಡಾ ಎರಡೂ ವೀಳ್ಯದ ಸುರುಳಿಗಿದ್ದ ‘ವೀಟಿಕಾ’ ಅನ್ನುವ ಪದದಿಂದಲೇ ಬಂದಿರುವಾಗ, ಎಲೆಯಡಕೆಯ ತಟ್ಟೆಯಿಂದ ಪದ ಎತ್ತಿಕೊಳ್ಳುವುದು ನ್ಯಾಯವೇ ಅಲ್ವಾ? ಚಿವುಟುವ ಅಲಗಿಗೆ ಅಡಕತ್ತರಿಯ ಜಾಡಿನಲ್ಲಿ ‘ತುದಿಗತ್ತರಿ’ ಅನ್ನಬಹುದು.

ಕೊನೆಗೆ ಇಡೀ ಸಾಮಾನಿನ ಹೆಸರು. ಹೊಗೆಸೊಪ್ಪು ನಮ್ಮ ನಾಡಿಗೆ ಹೊಸದಾಗಿ ಬಂದಾಗ ಜನ ಯಾವ ನಿಘಂಟನ್ನೂ ನೋಡಲಿಲ್ಲ. ಹೊಗೆ ಬರುವ ಸೊಪ್ಪು, ಹೊಗೆಸೊಪ್ಪು ಅಂದರು. ಬೆಂಕಿ ಕೊಡುವ ಪೆಟ್ಟಿಗೆ ಬೆಂಕಿಪೆಟ್ಟಿಗೆ ಆಯಿತು, ಕಡ್ಡಿ ಇರುವುದರಿಂದ ಕಡ್ಡಿಪೆಟ್ಟಿಗೆಯೂ ಆಯಿತು. ಆ ಸಾಲಿನಲ್ಲೇ ಇದನ್ನು ‘ಕಿಡಿಪೆಟ್ಟಿಗೆ’ ಅಂದರೆ ಹೇಗೆ? ಇದು ನಿಜಕ್ಕೂ ಪೆಟ್ಟಿಗೆಯೇ. ಕಡ್ಡಿಯ ಜಾಗದಲ್ಲಿ ಕಿಡಿ ಬಂದಿದೆ. ಕೇಳಿದವರಿಗೆ ವಿವರಿಸದೆಯೂ ಅರ್ಧ ಅರ್ಥವಾಗುತ್ತದೆ. ಪೂರ್ತಿ ಹೇಳಬೇಕಾದ ಕಡೆ ‘ತುದಿಗತ್ತರಿ ಇರುವ ಹಾರುಕಿಡಿಯ ಪೆಟ್ಟಿಗೆ’. ಸ್ವಲ್ಪ ಉದ್ದವಾಯಿತು, ಆದರೆ ಒಂದು ಸಲ ಹೇಳಿದರೆ ಸಾಕು, ಮುಂದಕ್ಕೆಲ್ಲ ಕಿಡಿಪೆಟ್ಟಿಗೆ. ‘ವಿದ್ಯುತ್ ಸ್ಫುಲಿಂಗ ಪ್ರಜ್ವಾಲಕ’ ಅಂತ ಕಟ್ಟಬಹುದು ಅಂತ ಒಬ್ಬರು ಹೇಳಿದರು. ಅವರ ಶ್ರಮಕ್ಕೆ ಗೌರವ ಇದೆ, ಆದರೆ ಅಂಗಡಿಯ ಗಲ್ಲಾದ ಮೇಲೆ ಕೂತಿದ್ದ ಸಾಮಾನಿಗೆ ಅಂಗಡಿಯಲ್ಲಿ ಆಡಬಹುದಾದ ಹೆಸರೇ ಇರಲಿ.

ನಿಮ್ಮಿಂದ ಬೇಕಾದದ್ದು ಇಷ್ಟು. ಗ್ಯಾರೇಜಿನಲ್ಲಿ ಕೆಲಸ ಮಾಡಿದವರು ಇದ್ದರೆ, ಪ್ಲಗ್ಗಿನ ಕಿಡಿಗೆ ನಿಮ್ಮ ಕಡೆ ಯಾವ ಕ್ರಿಯಾಪದ ಹೇಳುತ್ತಾರೆ ಅಂತ ತಿಳಿಸಿ. ನಾನು ಕೇಳಿರುವುದು ‘ಸ್ಪಾರ್ಕ್ ಹೊಡೀತಿಲ್ಲ’, ‘ಸ್ಪಾರ್ಕ್ ಬರ್ತಿಲ್ಲ’ ಅಷ್ಟೇ. ಕಿಡಿ ಅನ್ನುವ ಪದ ಅಲ್ಲಿ ಎಲ್ಲಾದರೂ ಉಳಿದಿದೆಯಾ? ಕರಾವಳಿಯವರು ಬೀಡಿ ಕಟ್ಟುವುದು ಅನ್ನುತ್ತಾರೆ, ಬೇರೆ ಕಡೆ ಬೀಡಿ ಸುತ್ತುವುದು. ಬೀಡಿಯ ಬಾಯಿಗಿಡುವ ತುದಿಗೂ ಹಚ್ಚುವ ತುದಿಗೂ ಕಟ್ಟುವವರ ನಡುವೆ ಬೇರೆಬೇರೆ ಹೆಸರು ಇದ್ದರೆ ದಯವಿಟ್ಟು ಬರೆಯಿರಿ, ಸಿಗಾರಿಗೂ ಅವೇ ಒದಗುತ್ತವೆ. ಬೀಡಾ ಅಂಗಡಿಯ ಮುಂದೆ ನೇತಾಡುತ್ತಿದ್ದ ಆ ಕೆಂಡದ ಹಗ್ಗವನ್ನು ನಿಮ್ಮೂರಿನಲ್ಲಿ ಏನಂತ ಕರೆಯುತ್ತಿದ್ದರು? ನಮ್ಮೂರಿನಲ್ಲಿ ಸುಮ್ನೆ ‘ಹಗ್ಗ’ ಅನ್ನುತ್ತಿದ್ದರು. ‘ಹಗ್ಗದಲ್ಲಿ ಹಚ್ಕೋ’ ಅಂದರೆ ಎಲ್ಲರಿಗೂ ತಿಳಿಯುತ್ತಿತ್ತು.