ರೆಸ್ಪಿರೇಟರ್‌ಗೆ ವರ್ಕ್‌ಶಾಪಿನಲ್ಲಿ ನಡೆಯುವ ಕನ್ನಡ ಪದ ಯಾವುದು?

ಗೆಳೆಯರೆ,

ಸಾಗರದ ಹತ್ತಿರ ನಮ್ಮ ಭಾವ ಒಂದು ಮರಗೆಲಸದ ವರ್ಕ್‌ಶಾಪ್ ನಡೆಸುತ್ತಾರೆ. ಯಾವ ಕೆಲಸಕ್ಕೆ ಯಾವ ಮಾಸ್ಕ್ ಹಾಕಬೇಕು ಅಂತ ಒಂದು ಪುಟದ ಸೂಚನೆ ಬರೆದುಕೊಡು, ಗೋಡೆಗೆ ಅಂಟಿಸುತ್ತೇನೆ ಎಂದಿದ್ದಾರೆ. ಬರೆಯಲು ಕೂತರೆ ಮೊದಲ ಪದಕ್ಕೇ ಪೆನ್ನು ನಿಂತಿತು. ರೆಸ್ಪಿರೇಟರ್‌ಗೆ ಅಂದರೆ ದೂಳು, ಆವಿ ಉಸಿರಿನ ಜೊತೆ ಒಳಗೆ ಹೋಗದ ಹಾಗೆ ತಡೆಯುವ ಮಾಸ್ಕಿಗೆ ಕನ್ನಡದಲ್ಲಿ ಏನೆಂದು ಬರೆಯಲಿ?

ಮಾಸ್ಕ್ ಅಂತಲೇ ಬರೆದರೆ ಆಯ್ತಲ್ವಾ ಎಂದು ಕೇಳಬಹುದು. ತೊಡಕು ಇರುವುದೇ ಅಲ್ಲಿ. ಮೂಗಿಗೆ ಕಟ್ಟಿದ ಟವೆಲ್ಲೂ ಮಾಸ್ಕ್. ಆಸ್ಪತ್ರೆಯ ನೀಲಿ ಸರ್ಜಿಕಲ್ ಮಾಸ್ಕೂ ಮಾಸ್ಕ್. ಎನ್95 ಕೂಡ ಮಾಸ್ಕ್, ಎರಡು ಕಡೆ ಡಬ್ಬಿ ಇರುವ ರಬ್ಬರಿನದೂ ಮಾಸ್ಕ್. ಮರವನ್ನು ಉಜ್ಜಿ ನುಣುಪು ಮಾಡುವ ಸ್ಯಾಂಡಿಂಗ್ ಮೆಷಿನ್ ಹಿಡಿದ ಹುಡುಗನಿಗೆ "ಮಾಸ್ಕ್ ಹಾಕ್ಕೊಳ್ಳಪ್ಪ" ಅಂದರೆ, "ಹಾಕ್ಕೊಂಡೇ ಇದೀನಲ್ಲ ಅಕ್ಕ" ಅಂತ ನೀಲಿ ಮಾಸ್ಕ್ ತೋರಿಸುತ್ತಾನೆ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಅದನ್ನು ತೆಗೆದಾಗ ಮೂಗಿನ ಎರಡೂ ಪಕ್ಕ ದೂಳಿನ ಗೆರೆ ಎದ್ದು ಕಾಣುತ್ತದೆ. ಗಾಳಿ ಬಟ್ಟೆಯೊಳಗಿಂದ ಬರದೆ ಪಕ್ಕದ ಸಂದಿಯಿಂದ ನುಗ್ಗಿದೆ ಅನ್ನುವುದಕ್ಕೆ ಅದೇ ಗುರುತು. ಸರ್ಜಿಕಲ್ ಮಾಸ್ಕ್ ಇರುವುದು ಮುಖ್ಯವಾಗಿ ಹಾಕಿಕೊಂಡವರ ಎಂಜಲ ಹನಿ ಎದುರಿನವರಿಗೆ ಸಿಡಿಯದಿರಲಿ ಅಂತ. ರೆಸ್ಪಿರೇಟರ್ ಇರುವುದು ಹಾಕಿಕೊಂಡವರ ಶ್ವಾಸಕೋಶ ಉಳಿಯಲಿ ಅಂತ. ಇವೆರಡಕ್ಕೂ ಒಂದೇ ಹೆಸರಾದರೆ ಸೂಚನೆ ಬರೆದೂ ಉಪಯೋಗವಿಲ್ಲ.

ಸುಮ್ನೆ ಪದದ ಚಪಲಕ್ಕೆ ಕೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ದೂಳನ್ನು 1995ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ನಮ್ಮ 1948ರ ಕಾರ್ಖಾನೆ ಕಾಯ್ದೆಯ ರೋಗಗಳ ಪಟ್ಟಿಯಲ್ಲೇ ಇತ್ತು. ಅದು ಒಮ್ಮೆ ಬಂದರೆ ವಾಸಿಯಾಗುವ ಕಾಯಿಲೆ ಅಲ್ಲ.

ಈಗ ಪದಗಳಿಗೆ ಬರುತ್ತೇನೆ. ಕೊರೊನಾ ಕಾಲದಲ್ಲಿ ಪತ್ರಿಕೆಗಳು ಮುಖಗವಸು ಎಂದು ಬರೆದವು. ಪದ ಚೆನ್ನಾಗಿದೆ, ಆದರೆ ದಿಂಬಿನ ಗವಸು, ಕೈಗವಸು ಇದ್ದ ಹಾಗೆ ಗವಸು ಅಂದರೆ ಮುಚ್ಚುವ ಹೊದಿಕೆ ಅಷ್ಟೇ. ಸರ್ಜಿಕಲ್ ಮಾಸ್ಕಿಗೆ ಅದನ್ನೇ ಬಿಟ್ಟುಕೊಡಬಹುದು. ಮುಖವಾಡ ಬೇಡವೇ ಬೇಡ, ಅದರಲ್ಲಿ ವೇಷದ, ಮರೆಮಾಚುವ ಅರ್ಥವೇ ಜಾಸ್ತಿ. ಉಸಿರಾಟದ ಸಾಧನ ಅಂದರೆ ಜನ ವೆಂಟಿಲೇಟರ್ ಅಂದುಕೊಳ್ಳುತ್ತಾರೆ. ಕಣ ಮಾಡುವಾಗ ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆ ಎನ್95ರ ಬಟ್ಟಲಿನ ಆಕಾರಕ್ಕೆ ತುಂಬಾ ಹತ್ತಿರ. ಆದರೂ ಮನುಷ್ಯರ ಮೂಗಿಗೆ ಹಾಕುವುದನ್ನು ಹಾಗೆ ಕರೆಯಲು ಮನಸ್ಸು ಒಪ್ಪುವುದಿಲ್ಲ.

ನನಗೆ ಹತ್ತಿರ ಅನಿಸಿದ್ದು "ಸೋಸುಮಾಸ್ಕ್". ಬೀಸುಕಲ್ಲು, ತೂಗುಸೇತುವೆ ಇದ್ದ ಹಾಗೆಯೇ ಇದೂ ಕೂಡಿಕೊಳ್ಳುತ್ತದೆ. ಬಾಯಿಗೆ ಬಂದಿರುವ ಮಾಸ್ಕ್ ಉಳಿಯುತ್ತದೆ, ಕೆಲಸ ಏನು ಅನ್ನುವುದು ಹೆಸರಿನಲ್ಲೇ ಬರುತ್ತದೆ. "ನನ್ನ ಸೋಸುಮಾಸ್ಕ್ ಎಲ್ಲಿಟ್ಟೆ?" ಅಂತ ಕೇಳಲು ತೊಡಕಿಲ್ಲ.

ಒಂದು ಅನುಮಾನ ಮಾತ್ರ ಉಳಿದಿದೆ. ಸೋಸು ಅಂದ ಕೂಡಲೇ ಡಿಕಾಕ್ಷನ್ ಸೋಸುವ ಬಟ್ಟೆ ನೆನಪಾಗುತ್ತದೆ, ಬಟ್ಟೆ ಅಂದರೆ ತೊಳೆದು ಒಣಗಿಸುವುದೂ ಜೊತೆಗೇ ಬರುತ್ತದೆ. ಎನ್95 ಹಿಡಿಯುವುದು ಬರೀ ಜರಡಿಯ ಲೆಕ್ಕದಲ್ಲಿ ಅಲ್ಲ. ಅದರ ಎಳೆಗಳಿಗೆ ತಯಾರಿಸುವಾಗಲೇ ವಿದ್ಯುತ್ ಚಾರ್ಜ್ ಕೊಟ್ಟಿರುತ್ತಾರೆ. ಎಳೆಗಳ ನಡುವಿನ ಜಾಗಕ್ಕಿಂತ ಎಷ್ಟೋ ಚಿಕ್ಕ ಕಣವನ್ನೂ ಆ ಎಳೆ ಸೆಳೆದು ಹಿಡಿದುಕೊಳ್ಳುತ್ತದೆ. ಸೋಪು ನೀರಿಗೆ, ಸ್ಪಿರಿಟ್‌ಗೆ ಹಾಕಿದರೆ ಆ ಸೆಳೆತ ಹೋಗುತ್ತದೆ. ನೋಡಲು ಮಾಸ್ಕ್ ಬೆಳ್ಳಗೆ ಹೊಸದರ ಹಾಗೆ ಇರುತ್ತದೆ, ಹಿಡಿಯುವ ಶಕ್ತಿ ಇರುವುದಿಲ್ಲ. ಹಾಗಾಗಿ ಸೋಸು ಪದ ಇಟ್ಟುಕೊಂಡರೆ ಪಕ್ಕದಲ್ಲೇ "ತೊಳೆಯಬಾರದು" ಅಂತ ಬರೆಯಲೇಬೇಕು. ಇದಕ್ಕಿಂತ ಒಳ್ಳೆಯ ಕ್ರಿಯಾಪದ ನಿಮಗೆ ಹೊಳೆದರೆ ದಯವಿಟ್ಟು ಹೇಳಿ.

ಫಿಟ್ ಅನ್ನುವುದಕ್ಕೆ ಮಾತ್ರ ಹೊಸ ಪದ ಬೇಕಾಗಿಲ್ಲ. ಆಚಾರ್ರ ಬಾಯಲ್ಲೇ ಇದೆ. ಬಾಗಿಲು ಚೌಕಟ್ಟಿಗೆ ಸರಿಯಾದರೆ "ಕೂತಿದೆ" ಅನ್ನುತ್ತಾರೆ, ಇಲ್ಲದಿದ್ದರೆ "ಸಂದಿ ಬಿಟ್ಟಿದೆ". ಮಾಸ್ಕಿಗೂ ಅದೇ ಸಾಕು. ಹಾಕಿಕೊಂಡು ಎರಡೂ ಅಂಗೈಯಿಂದ ಮುಚ್ಚಿ ಜೋರಾಗಿ ಉಸಿರು ಬಿಟ್ಟಾಗ ಕಣ್ಣಿನ ಕಡೆ ಗಾಳಿ ತಾಗಿದರೆ ಸಂದಿ ಬಿಟ್ಟಿದೆ ಅಂತ ಅರ್ಥ. ಮೂಗಿನ ಮೇಲಿನ ಪಟ್ಟಿಯನ್ನು ಮತ್ತೆ ಒತ್ತಬೇಕು. ಗಡ್ಡದ ಮೇಲಂತೂ ಯಾವ ಬೆಲೆಯದೂ ಕೂರುವುದಿಲ್ಲ, ಎರಡು ದಿನದ ಕುರುಚಲು ಗಡ್ಡವೂ ಸಂದಿ ಬಿಡಿಸುತ್ತದೆ. ಕಿವಿಗೆ ಸಿಕ್ಕಿಸುವುದಕ್ಕಿಂತ ತಲೆಯ ಹಿಂದೆ ಎರಡು ಪಟ್ಟಿ ಬರುವಂಥದ್ದು ಚೆನ್ನಾಗಿ ಕೂರುತ್ತದೆ.

ಅಂಗಡಿಯಲ್ಲಿ ಎನ್95 ಅಂತ ಕೇಳಿದರೆ ಏನೇನೋ ಕೊಡುತ್ತಾರೆ. ಇದು ಅಮೆರಿಕದ ದರ್ಜೆ: 95 ಅಂದರೆ 0.3 ಮೈಕ್ರಾನ್ ಅಳತೆಯ ಕಣಗಳಲ್ಲಿ ಕನಿಷ್ಠ ಶೇ 95ರಷ್ಟನ್ನು ಹಿಡಿಯುತ್ತದೆ, ಎನ್ ಅಂದರೆ ಎಣ್ಣೆಯ ತುಂತುರು ಇರುವಲ್ಲಿ ಬಳಸಬಾರದು. ನಮ್ಮ ದೇಶದ್ದಕ್ಕೆ ಭಾರತೀಯ ಮಾನಕದ ಸಂಖ್ಯೆ ಐಎಸ್ 9473 ಎಂದೂ ಎಫ್‌ಎಫ್‌ಪಿ2 ಎಂದೂ ಅಚ್ಚಾಗಿರಬೇಕು. ಯುರೋಪಿನ ಲೆಕ್ಕದಲ್ಲಿ ಎಫ್‌ಎಫ್‌ಪಿ1 ಶೇ 80, ಎಫ್‌ಎಫ್‌ಪಿ2 ಶೇ 94, ಎಫ್‌ಎಫ್‌ಪಿ3 ಶೇ 99. ಈ ಅಕ್ಷರ, ಅಂಕಿಗಳನ್ನು ಕನ್ನಡಕ್ಕೆ ತರಲು ಹೋಗಬಾರದು ಅಂತ ನನ್ನ ಅಭಿಪ್ರಾಯ. ಮಾಸ್ಕಿನ ಮೇಲೆ ಅಚ್ಚಾಗಿರುವುದನ್ನು ನೋಡಿ ಹೋಲಿಸಲು ಬರಬೇಕು.

ಇನ್ನೊಂದು ಗೊಂದಲ ಫಿಲ್ಟರ್ ಪದದ್ದು. ರಬ್ಬರಿನ ಅರ್ಧಮುಖದ ಮಾಸ್ಕಿಗೆ ಸಿಕ್ಕಿಸುವುದೆಲ್ಲ ವರ್ಕ್‌ಶಾಪಿನಲ್ಲಿ ಫಿಲ್ಟರೇ. ಆದರೆ ದೂಳು ಹಿಡಿಯುವುದು ಬೇರೆ, ಥಿನ್ನರ್ ಮತ್ತು ಪಾಲಿಶ್ ಆವಿಯನ್ನು ಹೀರುವುದು ಬೇರೆ. ಎನ್95 ಹಾಕಿಕೊಂಡು ಪಾಲಿಶ್ ಸ್ಪ್ರೇ ಮಾಡಿದರೆ ಆವಿ ಪೂರ್ತಿ ಒಳಗೇ ಹೋಗುತ್ತದೆ. ಆವಿಯ ಡಬ್ಬಿಯೊಳಗೆ ಇರುವುದು ಹದಗೊಳಿಸಿದ ಇದ್ದಿಲು. ಅದಕ್ಕೆ "ಇದ್ದಿಲ ಡಬ್ಬಿ" ಎಂದರೆ ಹೇಗೆ? ಅಮೆರಿಕದ ಗುರುತಿನಲ್ಲಿ ಅದರ ಪಟ್ಟಿ ಕಪ್ಪು ಬಣ್ಣದ್ದೇ.

ಕೊನೆಯದು ದೂಳಿನ ಪದವೇ. ಗರಗಸದಿಂದ ಉದುರುವುದು ಹೊಟ್ಟು, ಕರಾವಳಿಯವರಿಗೆ ಹುಡಿ. ಅದು ನೆಲಕ್ಕೆ ಬೀಳುತ್ತದೆ, ಗುಡಿಸಬಹುದು. ಸ್ಯಾಂಡಿಂಗ್ ಮುಗಿದು ಮೆಷಿನ್ ನಿಲ್ಲಿಸಿದ ಮೇಲೂ ಹೆಂಚಿನ ಸಂದಿಯ ಬಿಸಿಲುಕೋಲಿನಲ್ಲಿ ತುಂಬಾ ಹೊತ್ತು ಸುತ್ತುತ್ತಲೇ ಇರುವ ನುಣ್ಣನೆಯ ದೂಳು ಇದೆಯಲ್ಲ, ಎದೆಯ ಆಳಕ್ಕೆ ಇಳಿಯುವುದು ಅದು. ಅದಕ್ಕಿಂತಲೂ ಸಣ್ಣದು ಬಿಸಿಲಿನಲ್ಲೂ ಕಾಣುವುದಿಲ್ಲ. ಆದರೆ ಮೆಷಿನ್ ನಿಂತ ಕೂಡಲೇ ಹುಡುಗರು ಮಾಸ್ಕ್ ಕೆಳಗೆಳೆಯುತ್ತಾರೆ. ಈ ತೇಲುವ ದೂಳಿಗೆ ಗಂಧದ ಕೆತ್ತನೆ ಮಾಡುವ ಗುಡಿಗಾರರ ಮನೆಗಳಲ್ಲಿ, ಕಾರ್ಕಳದ ಅಥವಾ ಶಿವಾರಪಟ್ಟಣದ ಶಿಲ್ಪಿಗಳಲ್ಲಿ, ಚನ್ನಪಟ್ಟಣದ ಬೊಂಬೆ ಕೆಲಸದವರಲ್ಲಿ ಬೇರೆ ಹೆಸರು ಇದೆಯೇ? ಕೇಳಿದವರು ಇದ್ದರೆ ಉಚ್ಚಾರ ಸಮೇತ ಬರೆಯಿರಿ.

ಸದ್ಯಕ್ಕೆ ಸೂಚನೆಯನ್ನು ಹೀಗೆ ಬರೆದಿದ್ದೇನೆ: "ಸ್ಯಾಂಡಿಂಗ್ ಮಾಡುವಾಗ ಸೋಸುಮಾಸ್ಕ್ ಹಾಕಿ, ಎಫ್‌ಎಫ್‌ಪಿ2 ಅಥವಾ ಎನ್95. ಸಂದಿ ಬಿಡದ ಹಾಗೆ ಕೂರಿಸಿ. ತೊಳೆಯಬೇಡಿ. ಮೆಷಿನ್ ನಿಂತ ಕೂಡಲೇ ತೆಗೆಯಬೇಡಿ. ಪಾಲಿಶ್ ಹೊಡೆಯುವಾಗ ಇದ್ದಿಲ ಡಬ್ಬಿಯ ರಬ್ಬರ್ ಮಾಸ್ಕ್." ಮರಗೆಲಸ ಗೊತ್ತಿರುವ ಯಾರಿಗಾದರೂ ಇದನ್ನು ಓದಿ ಹೇಳಿ, ಎಲ್ಲಿ ತಡವರಿಸಿದರು ಅಂತ ತಿಳಿಸುತ್ತೀರಾ?